ಗೊಣಗದವನ ಉಪವಾಸ

ಈಸ್ಟರಿಗೆ, ಅಂದರೆ ಪಾಸ್ಕ ಹಬ್ಬಕ್ಕೆ, ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತೆಂದರೆ ಆ ಚರ್ಚಿನ ಧರ್ಮಕೇಂದ್ರದ ಜನಕ್ಕೆ ನಗುವುದಕ್ಕೆ ಒಬ್ಬ ಮನುಷ್ಯನಿದ್ದ. ಲಿಫ್ಟ್ ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ನಡುವೆ ನಿಂತುಬಿಟ್ಟರೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕತ್ತಲೆಯೊಳಗೆ ಇಳಿಯುವ ಗಟ್ಟಿ ಆಸಾಮಿ. ಊಟದ ಮುಂದೆ ಮಾತ್ರ ಚಿಕ್ಕ ಮಗುವಿಗಿಂತ ಕಡೆ. ಚರ್ಚಿನ ಸಭಾಂಗಣದಲ್ಲಿ ಯಾರದೇ ಮದುವೆಯಿರಲಿ, ಯಾರದೇ ಮಗುವಿನ ದೀಕ್ಷಾಸ್ನಾನವಿರಲಿ, ತಟ್ಟೆ ಹಿಡಿದು ಇನ್ನೊಂದು ಸಲ ಸಾಲಿನಲ್ಲಿ ನಿಲ್ಲುವವರಲ್ಲಿ ಅವನೇ ಮೊದಲಿಗ. ಹಾಗಾಗಿ ಅವನಿಗೆ 'ಎರಡನೇ ತಟ್ಟೆ' ಅಂತ ಹೆಸರು ಬಿದ್ದಿತ್ತು. ಉಪವಾಸದ ಶುಕ್ರವಾರ ಅವನು ಬೇಕರಿಯ ಹಿಂಬಾಗಿಲಲ್ಲಿ ಬಾಯಿ ತುಂಬ ಕೇಕು ತುಂಬಿಕೊಂಡು ಸಿಕ್ಕಿಬಿದ್ದ ಕಥೆಯನ್ನು ಜನ ಫಾದರ್ ಮುಂದೆಯೇ ಹೇಳಿ ನಗುತ್ತಿದ್ದರು. ಫಾದರೂ ನಗುತ್ತಿದ್ದರು. ಅವನಂತೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ನಗದವಳು ಒಬ್ಬಳೇ, ಅವನ ಹೆಂಡತಿ. ಅವಳು ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನು. ಪೀಠದ ಬಟ್ಟೆ, ಹಾಡುವವರ ನಿಲುವಂಗಿ, ತಪಸ್ಸುಕಾಲದಲ್ಲಿ ಸಂತರ ಪ್ರತಿಮೆಗಳಿಗೆ ಮುಸುಕು ಹಾಕುವ ನೇರಳೆ ಬಟ್ಟೆ, ಎಲ್ಲ ಅವಳ ಕೈಯಿಂದಲೇ ಹೋಗಬೇಕು. ಇಡೀ ಚರ್ಚಿಗೆ ಬಟ್ಟೆ ಹೊಲಿಯುವವಳ ಗಂಡ ಇಡೀ ಚರ್ಚಿಗೆ ನಗೆಪಾಟಲು ಎಂದರೆ ಅವಳಿಗೆ ಹೇಗಾಗಬೇಡ? ಈ ಮನುಷ್ಯ ಸಾಯುವುದರೊಳಗೆ ಒಂದು ಸಲವಾದರೂ ನೆಟ್ಟಗೆ ಉಪವಾಸ ಮಾಡಲಿ ದೇವರೇ, ನಾನೂ ನಾಲ್ಕು ಜನರ ಮುಂದೆ ತಲೆ ಎತ್ತಿ ನಡೆಯುವ ಹಾಗಾಗಲಿ ಎಂದು ಅವಳು ಪ್ರತಿವರ್ಷ ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದಳು.

ಆ ಧರ್ಮಕೇಂದ್ರದಲ್ಲಿ ಒಂದು ರೂಢಿ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ ಎಲ್ಲರೂ ಸಭಾಂಗಣದಲ್ಲಿ ಕೂತು, ಉಪವಾಸದ ಜೊತೆಗೆ ಇನ್ನೊಂದು ಏನನ್ನಾದರೂ ಒಟ್ಟಾಗಿ ಬಿಡುವುದು. ಒಂದು ವರ್ಷ ಸಕ್ಕರೆ ಬಿಟ್ಟರು. ಇನ್ನೊಂದು ವರ್ಷ ಟೀವಿ ಬಿಟ್ಟರು, ಅರ್ಧದಲ್ಲೇ ಕದ್ದು ನೋಡಿದರು, ಆ ಮಾತು ಬೇಡ. ಈ ವರ್ಷ ಹಾಡು ಕಲಿಸುವ ಟೀಚರ್ ಎದ್ದು ನಿಂತು, ಗೊಣಗುವುದನ್ನು ಬಿಡೋಣ ಎಂದರು. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಅಂತ ಪ್ರಭುವೇ ಹೇಳಿಲ್ಲವೇ? ಆದ್ದರಿಂದ ಹಸಿವು, ನೋವು, ಸುಸ್ತು ಅಂತ ಯಾರೂ ಬಾಯಿ ಬಿಡಬಾರದು. ಯಾರಾದರೂ ಶುರು ಮಾಡಿದರೆ ಎದುರಿಗಿದ್ದವರು ತುಟಿಯ ಮೇಲೆ ಬೆರಳಿಟ್ಟು ನೆನಪಿಸಬೇಕು. ಇದು ಎಲ್ಲರಿಗೂ ಹಿಡಿಸಿತು. ಖರ್ಚಿಲ್ಲ, ಕೇಳುವುದಕ್ಕೂ ಚೆಂದ. ಎರಡನೇ ತಟ್ಟೆ ಹಿಂದಿನ ಬೆಂಚಿನಿಂದ, ಹಾಗಾದರೆ ಪಾಸ್ಕ ಹಬ್ಬದ ತನಕ ನನ್ನ ಹೆಂಡತಿ ಮೂಕಿ ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು, ಅವಳು ಅವನ ತೊಡೆಗೆ ಚಿವುಟಿದಳು.

ಬೂದಿ ಬುಧವಾರದ ಸಂಜೆ ಹಣೆಯ ಮೇಲೆ ಬೂದಿ ಹಚ್ಚಿಸಿಕೊಂಡು ಎಲ್ಲರೂ ಉದ್ದನೆಯ ಮೇಜುಗಳಿಗೆ ಕೂತರು. ತಿಳಿ ಸೂಪು, ಒಂದು ತುಂಡು ಬ್ರೆಡ್ಡು, ಅಷ್ಟೇ ಊಟ. ಅವನು ನಾಲ್ಕು ಚಮಚ ಸೂಪು ಕುಡಿದ. ಬ್ರೆಡ್ಡನ್ನು ಮುರಿದ, ಮತ್ತೆ ಮುರಿದ, ಆಮೇಲೆ ಹಾಗೇ ಪಕ್ಕಕ್ಕೆ ಸರಿಸಿಬಿಟ್ಟ. ಸೂಪು ಬಡಿಸುತ್ತಿದ್ದವಳ ಕೈ ನಿಂತೇಹೋಯಿತು. ಮೇಜಿನ ಈ ತುದಿಯಿಂದ ಆ ತುದಿಗೆ ಸುದ್ದಿ ಹೋಯಿತು, ಜನ ಬಗ್ಗಿ ಬಗ್ಗಿ ಅವನ ತಟ್ಟೆ ನೋಡಿದರು. ಅವನು ಮಾತ್ರ ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದ.

ಮೊದಲ ವಾರ ಎಲ್ಲರೂ ಇದು ನಾಟಕ ಎಂದರು. ಎರಡನೇ ವಾರಕ್ಕೆ ಮೂಗಿನ ಮೇಲೆ ಬೆರಳಿಟ್ಟರು. ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆ ಮುಗಿಸಿ ಸೂಪಿಗೆ ಕೂತಾಗಲೆಲ್ಲ ಅವನ ಬ್ರೆಡ್ಡು ಹಾಗೇ ಉಳಿಯುತ್ತಿತ್ತು. ಮನೆಯಲ್ಲೂ ಅಷ್ಟೇ. ಬೆಳಿಗ್ಗೆ ಅರ್ಧ ಲೋಟ ಟೀ, ಕೆಲಸಕ್ಕೆ ಕಟ್ಟಿಕೊಟ್ಟ ಡಬ್ಬಿ ಸಂಜೆ ಹೋದ ಹಾಗೇ ವಾಪಸ್ಸು. ಫಾದರ್ ಪ್ರಸಂಗದಲ್ಲಿ ಹೆಸರೆತ್ತದೆ, ನಮ್ಮ ನಡುವೆ ಒಬ್ಬರಿದ್ದಾರೆ, ಕಲ್ಲಿನಂಥ ಅಭ್ಯಾಸವನ್ನು ದೇವರು ಹೇಗೆ ಕರಗಿಸುತ್ತಾರೆ ನೋಡಿ ಎಂದಾಗ ಎಲ್ಲರ ಕಣ್ಣೂ ಇವರ ಬೆಂಚಿನ ಕಡೆ ತಿರುಗಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದು ಮನೆಗೆ ಬರುವಾಗ, ಮದುವೆಯಾದ ಹೊಸತರ ನಂತರ ಮೊದಲ ಬಾರಿಗೆ, ಬೀದಿಯಲ್ಲಿ ಎಲ್ಲರ ಎದುರಿಗೆ ಅವನ ಕೈ ಹಿಡಿದುಕೊಂಡು ಬಂದಳು.

ಪ್ಯಾಂಟು ಜಾರುತ್ತಿದೆ, ಸೊಂಟದಲ್ಲಿ ಸ್ವಲ್ಪ ಹಿಡಿದು ಹೊಲಿದುಕೊಡು ಎಂದು ಅವನೇ ಕೇಳಿದ್ದು. ಅವಳು ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಸೊಂಟದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಪಿನ್ನು ಚುಚ್ಚಿದಳು. ಹಬ್ಬದ ಹೊತ್ತಿಗೆ ನೀನು ಮದುಮಗನೇ ಎಂದು ಛೇಡಿಸಿದಳು. ಕೆಲವು ದಿನದಲ್ಲಿ ಮತ್ತೆ ಬಿಚ್ಚಿ ಮತ್ತೆ ಹೊಲಿದಳು. ಊರಿನವರ ಮೈ ಅಳತೆಯೆಲ್ಲ ಬೆರಳ ತುದಿಯಲ್ಲಿದ್ದವಳು, ಬಟ್ಟೆ ಕೊಡಲು ಬಂದವಳು ಬಸುರಿ ಅಂತ ಅವಳಿಗೇ ಗೊತ್ತಾಗುವ ಮೊದಲು ಹೇಳುತ್ತಿದ್ದವಳು, ತನ್ನ ಗಂಡನ ಸೊಂಟದ ಮೇಲೆ ಕೈಯಿಟ್ಟುಕೊಂಡು ದೇವರಿಗೆ ವಂದನೆ ಹೇಳುತ್ತಿದ್ದಳು. ಕಣ್ಣಿಗೆ ಮಂಕು ಕವಿಯುವುದು ಎಂದರೆ ಇದೇ, ಬೇರೇನಲ್ಲ.

ಒಂದು ಮಧ್ಯಾಹ್ನ ಅವನು ಕೆಲಸದಿಂದ ಬೇಗ ಬಂದ. ಮೆಷಿನಿನ ಪಕ್ಕದ ಸ್ಟೂಲಿನಲ್ಲಿ ಕೂತು, ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಕುಡಿಯದೆ ಸುಮ್ಮನೆ ಇದ್ದ. ಅವಳು ನೇರಳೆ ಬಟ್ಟೆಯ ಅಂಚು ಮಡಿಸುತ್ತಿದ್ದಳು.

"ಕೇಳಿಲ್ಲಿ," ಅಂದ ಅವನು. "ನಂಗೆ ಇಲ್ಲಿ..." ಎದೆಯ ನಡುವೆ ಕೈಯಿಟ್ಟುಕೊಂಡ. "ತಿಂದಿದ್ದು ಇಲ್ಲಿ ಬಂದು..."

ಅವಳು ನಗುತ್ತಾ ತುಟಿಯ ಮೇಲೆ ಬೆರಳಿಟ್ಟಳು.

"ಗೊಣಗೋ ಹಾಗಿಲ್ಲ. ಇಷ್ಟು ದಿನ ತಡ್ಕೊಂಡಿದ್ದೀಯ, ಇನ್ನು ಸ್ವಲ್ಪ ದಿನ ತಡ್ಕೋ. ನನಗೋಸ್ಕರ."

ಅವನು ಅವಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೂ ನಕ್ಕ. ಟೀಯನ್ನು ಹನಿ ಹನಿಯಾಗಿ, ಬಿಸಿ ಔಷಧಿ ಕುಡಿಯುವವನ ಹಾಗೆ ಕುಡಿದು ಎದ್ದುಹೋದ. ಆ ಬೆರಳನ್ನು ಅಂದೇ ಕತ್ತರಿಯಲ್ಲಿ ಕತ್ತರಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳು ಎಷ್ಟು ಸಲ ಅಂದುಕೊಂಡಳೋ.

ಕಂಡುಹಿಡಿದವಳು ಒಬ್ಬಳಿದ್ದಳು, ಅವನ ಅಕ್ಕ. ಅವಳಿಗೂ ಟೈಲರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದು ಭಾನುವಾರ ಅಕ್ಕ ಮನೆಗೆ ಬಂದವಳು ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು. ಅವನು ಬಿಸ್ಕತ್ತನ್ನು ಟೀಯಲ್ಲಿ ಕರಗಿಸಿ ಕರಗಿಸಿ, ಅದನ್ನೂ ನುಂಗಲಾರದೆ ಕತ್ತು ಮುಂದೆ ಚಾಚುವುದನ್ನು ನೋಡಿದಳು. ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು.

"ಇವನು ಉಪವಾಸ ಮಾಡ್ತಿಲ್ಲ ಕಣೆ. ಇವನಿಗೆ ತಿನ್ನೋಕಾಗ್ತಿಲ್ಲ. ನಾಳೆನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗು."

ಟೈಲರಿಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ಹೊಟ್ಟೆಬಾಕನಾಗಿದ್ದಾಗ ಬಂದು ಕೇಕು ತಿನ್ನಿಸಿ ಹೋಗುತ್ತಿದ್ದವರು, ಈಗ ಅವನಿಗೆ ನಾಲ್ಕು ಜನ ಮರ್ಯಾದೆ ಕೊಡುವಾಗ ಹೊಟ್ಟೆಕಿಚ್ಚು ಪಡುತ್ತೀರಲ್ಲ ಎಂದು ಬಾಯಿಗೆ ಬಂದ ಹಾಗೆ ಅಂದಳು. ಹಬ್ಬ ಮುಗಿಯಲಿ, ನಾನೇ ತಿನ್ನಿಸಿ ದುಂಡಗೆ ಮಾಡುತ್ತೇನೆ ಎಂದಳು. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಆದರೂ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಅಂದು ಸಂಜೆ ಅವಳು ಗಂಡನನ್ನು ನೇರವಾಗಿ ಕೇಳಿದಳು: ಮೈಯಲ್ಲಿ ಹುಷಾರಿದ್ದೀಯ ತಾನೇ? ಅವನು, ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ ಎಂದ. ಅವಳಿಗೂ ಅದೇ ಉತ್ತರ ಬೇಕಿತ್ತು, ಮತ್ತೆ ಕೇಳಲಿಲ್ಲ.

ಶುಭ ಶುಕ್ರವಾರ ಬೀದಿಯ ಮೆರವಣಿಗೆಯಲ್ಲಿ ಮರದ ಶಿಲುಬೆ ಹೊರುವುದಕ್ಕೆ ಫಾದರ್ ಅವನನ್ನೇ ಕರೆದರು. ಬಟ್ಟೆ ಅಂಗಡಿಗಳ ಸಾಲು ದಾಟಿ, ಬಸ್ಸುಗಳು ತಿರುಗುವ ಮೂಲೆಯಲ್ಲಿ, ಅವನ ಮೊಣಕಾಲು ಕುಸಿಯಿತು. ಇನ್ನೂ ಸ್ವಲ್ಪ ಮುಂದೆ ಇನ್ನೊಮ್ಮೆ ಕುಸಿಯಿತು. ಪ್ರಭು ಬಿದ್ದ ಹಾಗೇ ಬೀಳುತ್ತಿದ್ದಾನೆ ಎಂದು ಹೆಂಗಸರು ಅತ್ತರು. ಹಾಡು ಕಲಿಸುವ ಟೀಚರ್ ಹಾಡಲಾಗದೆ ಬಾಯಿಗೆ ಸೆರಗು ಒತ್ತಿಕೊಂಡರು. ಅವಳೂ ಅತ್ತಳು. ಅವನನ್ನು ಹಿಡಿದುಕೊಳ್ಳಲು ಒಬ್ಬರೂ ಮುಂದೆ ಹೋಗಲಿಲ್ಲ.

ಪಾಸ್ಕ ಹಬ್ಬದ ಬೆಳಿಗ್ಗೆ ಪೂಜೆಯಾದ ಮೇಲೆ ಸಭಾಂಗಣದಲ್ಲಿ ಊಟ. ಮಾಂಸ, ಮೊಟ್ಟೆ, ಬೆಣ್ಣೆ ಹಚ್ಚಿದ ಬ್ರೆಡ್ಡು, ಕೇಕು. ಇಷ್ಟು ದಿನ ಕಟ್ಟಿಹಾಕಿದ್ದ ಹೊಟ್ಟೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡಂತಿದ್ದವು. ಯಾರೂ ಕೈ ಹಾಕುವ ಮೊದಲು ಫಾದರ್ ಎದ್ದು, ಈ ಸಲ ಮೊದಲನೇ ತಟ್ಟೆ ನಮ್ಮ ಎರಡನೇ ತಟ್ಟೆಯವರಿಗೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಅವಳು ಹೊಸ ಸೀರೆ ಉಟ್ಟಿದ್ದಳು, ಕತ್ತು ನೆಟ್ಟಗೆ ಮಾಡಿ ಕೂತಿದ್ದಳು.

ಅವನು ಬ್ರೆಡ್ಡಿನ ತುಂಡನ್ನು ಬಾಯಿಗಿಟ್ಟ. ಅಗಿದ. ಜನ ನಗುಮುಖದಿಂದ ಕಾಯುತ್ತಿದ್ದರು. ಅವನು ಇನ್ನೂ ಅಗಿದ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಆನಂದಬಾಷ್ಪ ಎಂದು ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು. ಅವನು ಒಂದು ಗುಟುಕು ನೀರು ಕುಡಿದ, ಅಷ್ಟೇ. ನೀರು, ಬ್ರೆಡ್ಡು, ಎಲ್ಲ ಬಾಯಿ ಮೂಗಿನಿಂದ ವಾಪಸ್ಸು ಬಂದು ಬಿಳಿ ಮೇಜುಬಟ್ಟೆಯ ಮೇಲೆ ಬಿತ್ತು. ಕೆಮ್ಮಿ ಕೆಮ್ಮಿ ಸುಸ್ತಾಗಿ, ಮೇಜಿಗೆ ಎರಡು ಕೈಯೂರಿ, ಅವನು ಹೆಂಡತಿಯ ಮುಖ ಹುಡುಕಿದ.

"ಇಳೀತಿಲ್ಲ ಕಣೇ," ಅಂದ. "ಬಹಳ ದಿನ ಆಯ್ತು."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಳ್ಳೆಯವಳು. ಅನ್ನನಾಳದಲ್ಲಿ ಗಡ್ಡೆ, ಈಗ ಶ್ವಾಸಕೋಶ ಯಕೃತ್ತಿಗೆಲ್ಲ ಹರಡಿದೆ, ಆಪರೇಷನ್ ಮಾಡುವ ಹಾಗಿಲ್ಲ, ಹೊಟ್ಟೆಗೆ ನೇರವಾಗಿ ಒಂದು ನಳಿಕೆ ಹಾಕಿ ಆಹಾರ ಕೊಡೋಣ ಎಂದು ಮೆಲ್ಲಗೆ ಹೇಳಿದಳು. ಇಷ್ಟು ತೂಕ ಇಳಿಯುವ ತನಕ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದಳು. ತಪಸ್ಸುಕಾಲ ಇತ್ತು ಎಂದಳು ಟೈಲರು. ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರಾ ಎಂದು ಇವಳು ಕೇಳಿದ್ದಕ್ಕೆ ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದಳು.

ಮಂಚದ ಪಕ್ಕ ಕೂತು ಅವಳು ಅವನನ್ನು ಬೈದಳು. ಬೈಯದೆ ಇನ್ನೇನು ಮಾಡುತ್ತಾಳೆ, ಅಳು ಬೈಗುಳವಾಗಿಯೇ ಬಂತು. ಬಾಯಿ ಸತ್ತುಹೋಗಿತ್ತಾ ನಿನಗೆ, ಕೂಗಿ ಹೇಳೋಕೆ ಏನಾಗಿತ್ತು, ನನ್ನ ಕೈ ಹಿಂಡಿ ಹೇಳಬಾರದಿತ್ತಾ ಎಂದಳು. ಅವನು ಅವಳ ಕೈಯನ್ನು ಹಿಡಿದುಕೊಂಡ.

"ಮೊದಲು ಹೆದರಿಕೆ ಆಯ್ತು. ಹೇಳೋಣ ಅಂದ್ಕೊಳ್ಳೋ ಅಷ್ಟರಲ್ಲಿ ಎಲ್ಲರೂ ಹೊಗಳೋಕೆ ಶುರು ಮಾಡಿದ್ರು. ನೀನು ಬೀದೀಲಿ ನನ್ನ ಕೈ ಹಿಡ್ಕೊಂಡೆ." ಉಸಿರು ತೆಗೆದುಕೊಂಡ. "ಅದಕ್ಕೇ, ಇದನ್ನೇ ಉಪವಾಸ ಅಂತ ದೇವರಿಗೆ ಒಪ್ಪಿಸಿಬಿಟ್ಟೆ. ಇದು ಉಪವಾಸ ಅಲ್ಲ ಅಂತ ಅವನಿಗೂ ಗೊತ್ತಾಗಲ್ಲ, ಹಬ್ಬದ ಹೊತ್ತಿಗೆ ಸರಿ ಮಾಡ್ತಾನೆ ಅಂದ್ಕೊಂಡೆ."

ಅವಳ ಬೈಗುಳ ಅಲ್ಲಿಗೆ ನಿಂತಿತು. ತಾನು ಇಷ್ಟು ವರ್ಷ ಮೊಣಕಾಲೂರಿ ಬೇಡಿದ್ದು ಇದನ್ನೇ, ಬೇಡಿದ್ದನ್ನೇ ದೇವರು ಕೊಟ್ಟಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಅಂದಿನಿಂದ ಅವಳು ಪ್ರಾರ್ಥನೆಗೆ ಬಾಯಿ ತೆರೆಯಲಿಲ್ಲ. ಏನು ಕೇಳಿದರೆ ಏನು ಕೊಡುತ್ತಾನೋ ಎಂಬ ಭಯ.

ಮನೆಗೆ ಕರೆತಂದ ವಾರದಲ್ಲೇ ಧರ್ಮಕೇಂದ್ರದವರು ಬಂದರು. ಹಾಡು ಕಲಿಸುವ ಟೀಚರ್ ಮುಂದೆ, ಹಿಂದೆ ಏಳೆಂಟು ಮಂದಿ, ಅವರ ನಡುವೆ ಅವನ ಅಕ್ಕ. ಮುಂದಿನ ಕೋಣೆಯಲ್ಲಿ ಮೆಷಿನಿನ ಸುತ್ತ ಒತ್ತಾಗಿ ನಿಂತರು. ಎಲ್ಲರ ಕಣ್ಣೂ ಕೆಂಪಗಿತ್ತು, ಕೆಟ್ಟವರು ಒಬ್ಬರೂ ಇರಲಿಲ್ಲ. ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ, ಅವರು ಹುಷಾರಾಗಲಿ ಅಂತ ಇಡೀ ಧರ್ಮಕೇಂದ್ರ ಒಟ್ಟಾಗಿ ಉಪವಾಸ ಮಾಡುತ್ತೇವೆ ಎಂದರು ಟೀಚರ್.

"ಬೇಡ," ಅಂದಳು ಅವಳು. "ಮನೆಗೆ ಹೋಗಿ. ಹೋಗಿ ಹೊಟ್ಟೆ ತುಂಬ ತಿನ್ನಿ. ಯಾರಾದ್ರೂ ತಿನ್ನದೆ ಇದ್ರೆ ಹೊಡೆದು ಕೇಳಿ, ಯಾಕೆ ತಿಂತಿಲ್ಲ ಅಂತ."

ಟೀಚರ್ ಅವಳ ಭುಜ ಮುಟ್ಟಲು ಬಂದವರು ಕೈ ಹಿಂದೆ ತೆಗೆದುಕೊಂಡರು. ಒಬ್ಬೊಬ್ಬರಾಗಿ ಹೊರಗೆ ಹೋದರು. ಅವನ ಅಕ್ಕ ಮಾತ್ರ ಉಳಿದು, ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

ಮಧ್ಯಾಹ್ನ ಟೈಲರು ನಳಿಕೆಯಲ್ಲಿ ಅವನಿಗೆ ಗಟ್ಟಿ ಹಾಲಿನಂಥ ಪುಡಿಯ ನೀರನ್ನು ಇಳಿಸಿದಳು. ನಾಲಿಗೆಗೆ ಗೊತ್ತೇ ಆಗದ ಊಟ, ಗಡಿಯಾರ ನೋಡಿಕೊಂಡು ಮುಗಿಯುವ ಊಟ. ಅದಾದ ಮೇಲೆ ಅವನು, ನಿನ್ನದಾಯಿತಾ ಎಂದು ಕೇಳಿದ. ಆಮೇಲೆ ಮಾಡುತ್ತೇನೆ ಎಂದಳು.

"ಇಲ್ಲೇ ತಗೊಂಡು ಬಾ," ಅಂದ. "ನನ್ನ ಎದುರಿಗೆ ತಿನ್ನು."

ಅವಳು ಆಗುವುದಿಲ್ಲ ಎಂದಳು. ಅವನು ಮತ್ತೆ ಕೇಳಿದ. ಅಕ್ಕ ತಟ್ಟೆಗೆ ಅನ್ನ, ಮೊಟ್ಟೆಯ ಸಾರು ಹಾಕಿ ತಂದು ಅವಳ ಕೈಗೆ ಕೊಟ್ಟು ಹೊರಗೆ ಹೋದಳು. ಅವಳು ಮಂಚದ ಅಂಚಿನಲ್ಲಿ ಕೂತು ಒಂದು ತುತ್ತು ಬಾಯಿಗಿಟ್ಟಳು, ಅಗಿದಳು, ನುಂಗಿದಳು. ಇನ್ನೊಂದು ತುತ್ತು ಕಲಸಿದಳು. ಅಳುತ್ತಾ ತಿಂದಳು, ತಟ್ಟೆ ಖಾಲಿಯಾಗುವ ತನಕ ತಿಂದಳು. ಅವನು ಅವಳ ಮುಖ ನೋಡುತ್ತಿರಲಿಲ್ಲ. ಪ್ರತಿ ತುತ್ತಿಗೂ ಅವಳ ಗಂಟಲು ಮೇಲೆ ಹೋಗಿ ಕೆಳಗಿಳಿಯುವುದನ್ನೇ ನೋಡುತ್ತಿದ್ದ.