ನಡತೆಗೆ ಇಬ್ಬರು ಸಾಕ್ಷಿ

ಬಸಿಗೆ ಸುರುವಿಕೊಂಡ ಚಹಾವನ್ನು ಪೊಲೀಸಪ್ಪ ಊದುತ್ತಿದ್ದ, ಊದಿದಾಗೊಮ್ಮೆ ಕೆನೆ ಆಚೆ ದಂಡೆಗೆ ಸರಿದು ಮತ್ತೆ ಈಚೆ ಬರುತ್ತಿತ್ತು, ಇಷ್ಟು ಸಾವಕಾಶ ಯಾಕ ಕುಡಿತಾನ ಈ ಮನುಷ್ಯ, ಬಿಸಿ ಐತಿ ಅಂತಲೋ, ಕುಡಿಯೋ ನೆವದಾಗ ಮನೆಯೆಲ್ಲ ನೋಡಾಕತ್ತಾನೋ— ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಸುಕನ್ಯಾ ಅವನ ಕಣ್ಣು ಹೋದಲ್ಲೆಲ್ಲ ತನ್ನ ಕಣ್ಣನ್ನೂ ಕಳಿಸುತ್ತಿದ್ದಳು, ಗೋಡೆ ಮೇಲಿನ ಬುದ್ಧನ ಫೋಟೋ, ಮೊಳೆಗೆ ತೂಗುಹಾಕಿದ ಅಪ್ಪನ ಖಾಕಿ ಅಂಗಿ, ಕಪಾಟಿನ ಮೇಲಿನ ದುರ್ಬೀನು, ಮತ್ತೆ ದುರ್ಬೀನು, ಎರಡನೇ ಸಲ ಯಾಕ ನೋಡಿದ, ಹಕ್ಕಿ ನೋಡೋದ್ರೀ ಅದು ಅಂತ ತಾನೇ ಹೇಳಿಬಿಡಲೇನು, ಕೇಳದ ಮಾತಿಗೆ ಜವಾಬು ಕೊಟ್ಟರ ಅದೇ ಒಂದು ಗುಮಾನಿ ಆಗ್ತೈತಿ, ಸುಮ್ಮನಿರು, ಸುಮ್ಮನಿರು, ಈ ಒಂದು ಕಾಗದ ಹೋಗಿ ಮುಟ್ಟಿದರ ಸಾಕು. ಪರೀಕ್ಷೆ ಪಾಸಾಗೈತಿ, ಸಂದರ್ಶನ ಆಗೈತಿ, ವನ್ಯಜೀವಿ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆಯಿಂದ ಆಯ್ಕೆ ಆಗೀದಿ ಅಂತ ಪತ್ರ ಸೈತ ಬಂದೈತಿ, ಉಳಿದದ್ದು ಪೊಲೀಸ್ ವಿಚಾರಣೆ ಒಂದೇ, ಹುಡುಗಿಯ ನಡತೆ ಚಲೋ ಐತಿ ಅಂತ ಊರಿನ ಇಬ್ಬರು ಸಹಿ ಹಾಕಬೇಕು, ಹೈಸ್ಕೂಲಿನ ನಾಗವೇಣಿ ಟೀಚರ್ ಸಹಿ ಮುಂಜಾನೆನೇ ಆತು, ಇನ್ನೊಂದಕ್ಕ— ಇನ್ನೊಂದಕ್ಕ ಇವನು ಯಾಕ ಬಂದು ಕುಂತಾನ.

ಇವನು ಅಂದರೆ ವಿರೇಶ. ಕಾಲುವೆ ಕೆಳಗಿನ ಗದ್ದೆಗಳ ಧಣಿ, ಬಳಗಾನೂರಿಗೆ ಹೋಗುವ ಹಾದಿಯಲ್ಲಿ ಅಣ್ಣ ರಾಜೇಶ ದುಡಿಯುವ ಬೀಜ ಗೊಬ್ಬರ ಔಷಧದ ಅಂಗಡಿ ಇಟ್ಟವನು, ಕರೆದರೂ ಈ ಓಣಿಗೆ ಬಾರದವನು ಇವತ್ತು ಕರೆಯದೇ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದಾನೆ, ನಮ್ಮೂರ ಹುಡುಗಿ ಇಷ್ಟು ಓದ್ಯಾಳಂದ್ರ ನಮಗೂ ಹೆಮ್ಮಿ ಅಲ್ಲೇನ್ರೀ ಅಂತ ಪೊಲೀಸಪ್ಪಗ ಹೇಳ್ಯಾನ, ನಕ್ಕಾನ ಬ್ಯಾರೆ. ಅವ್ವ ಕೊಟ್ಟ ಚಹಾ ಮಾತ್ರ ಮುಟ್ಟಿಲ್ಲ, ಈಗ ಕುಡದು ಬಂದೀನಿ ಗಾಳೆಮ್ಮ ಅಂದ, ಕಪ್ಪು ಅವನ ಮುಂದೆ ಆರಿಕೋತ ಕುಂತೈತಿ. ಚಹಾ ಕುಡಿಯದವನು ಸಹಿ ಯಾಕ ಹಾಕ್ತಾನ, ಏನು ಬೇಕಾಗೈತಿ ಇವನಿಗೆ, ಗೊತ್ತಾಗೈತೇನು, ದೂರು ಕೊಟ್ಟಾಕಿ ನಾನೇ ಅಂತ ಗೊತ್ತಾಗೈತೇನು, ಗೊತ್ತಾಗಿದ್ದರ ನಗತಿದ್ದನೇನು— ಗೊತ್ತಾಗಿದ್ದಕ್ಕೇ ನಗತಾನೇನು.

ಆ ಮುಂಜಾನೆ ಮಂಜು ಕಾಲುವೆಯ ಮೇಲೆ ಹಾಸಿಕೊಂಡಿತ್ತು, ಪುಷ್ಯದ ಚಳಿ, ದುರ್ಬೀನಿನ ಗಾಜು ಒರೆಸಿ ಒರೆಸಿ ಸೆರಗಿನ ತುದಿ ಹಸಿಯಾಗಿತ್ತು, ಹಿಮಾಲಯ ದಾಟಿ ಬಂದ ಹೆಬ್ಬಾತುಗಳು, ತಲೆ ಮೇಲೆ ಕಪ್ಪು ಪಟ್ಟೆ ಎಳೆದುಕೊಂಡವು, ದಿನಾ ಬದುವಿನ ಮೇಲೆ ಎದ್ದು ನಿಂತು ಕತ್ತು ಉದ್ದ ಮಾಡಿ ಇವಳನ್ನು ನೋಡುತ್ತಿದ್ದವು, ಅವತ್ತು ಏಳಲಿಲ್ಲ. ಎರಡನೇ ಬೆಳೆಗೆಂದು ನೆಲ್ಲಿನ ಸಸಿ ಎಬ್ಬಿಸಿದ್ದ ವಿರೇಶನ ಮಡಿಯಲ್ಲಿ ಬಿದ್ದಿದ್ದವು, ರೆಕ್ಕೆ ಹರವಿಕೊಂಡು, ಒಂದು ಇನ್ನೂ ತಲೆ ಎತ್ತಲು ನೋಡುತ್ತಿತ್ತು, ಎತ್ತುವುದು ಬೀಳುವುದು, ಬದುವಿನುದ್ದಕ್ಕೂ ವಿಷ ಕಲಸಿ ನೇರಳೆ ಬಣ್ಣಕ್ಕೆ ತಿರುಗಿದ ನೆಲ್ಲು ಚೆಲ್ಲಿತ್ತು. ಸಸಿ ತಿಂತಾವಂತ ಕೊಂದರೇನು, ಕೊಂದು ಮಾರಾಕಂತ ಕೊಂದರೇನು, ಕೊಂದದ್ದು ಕೊಂದದ್ದೇ. ಒಂದನ್ನು ಗೊಬ್ಬರದ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ತಂದಳು. ಓಣಿಯ ಬಾಯಿಗೆ ಮಾಬುಬೀ ಆಡು ಬಿಟ್ಟುಕೊಂಡು ಎದುರು ಬಂದಿದ್ದಳು, ಏನ ತಂಗಿ ಚೀಲದಾಗ ಅಂದಳು, ಏನಿಲ್ಲಬೇ ಅಂದರೂ ಆ ಹೆಂಗಸಿನ ಕಣ್ಣು ಚೀಲದಿಂದ ಸರಿಯಲಿಲ್ಲ. ವಿರೇಶಗ ಹೇಳಿದಾಕಿ ಮಾಬುಬೀನೇ ಇರಬೇಕು. ಹೌದು, ಆಕೀನೇ, ಆಕಿ ಆಡು ಮೇಯೋದು ವಿರೇಶನ ಬದುವಿನ ಮ್ಯಾಲೆ, ಒಂದು ಮಾತು ಅವನ ಕಿವಿಗೆ ಹಾಕಿದರ ಆಡಿಗೆ ವರ್ಷಾನುಗಟ್ಟಲೆ ಹುಲ್ಲು. ಅಥವಾ ಲಿಂಗಸುಗೂರಿನ ಅರಣ್ಯದ ಆಫೀಸಿನವರೇ ಬಾಯಿ ಬಿಟ್ಟರೋ, ಹೆಸರು ಹೊರಗ ಬರಾಂಗಿಲ್ಲವ್ವ ಅಂದು ಅರ್ಜಿಗೆ ಮೊಹರು ಒತ್ತಿ ಕೊಟ್ಟಿದ್ದರು, ಹಕ್ಕಿಯನ್ನು ಪರೀಕ್ಷೆಗೆ ಕಳಿಸ್ತೀವಿ ಅಂದಿದ್ದರು, ಚಳಿ ಹೋಗಿ ಬಿಸಲು ಬಂದು ಬಿಸಲೂ ಮುಗಿಯಾಕ ಬಂತು, ಫಲಿತಾಂಶದ ಖಬರಿಲ್ಲ.

ಆ ಚೀಲ ಅಪ್ಪನ ಬಸ್ಸಿನಲ್ಲೇ ಹೋಗಿತ್ತು, ಸಿಂಧನೂರಿನಿಂದ ಮಸ್ಕಿ ಮ್ಯಾಲೆ ಲಿಂಗಸುಗೂರಿಗೆ, ಅಪ್ಪ ಪಂಪಣ್ಣ ಟಿಕೀಟಿನ ಮಷೀನು ಕೊರಳಿಗೆ ಹಾಕಿಕೊಂಡು ಬಂದು ಚೀಲ ಮುಟ್ಟಿ ನೋಡಿ, ಇದೇನವಾ ಅಂದ, ಹಕ್ಕಿ ಅಂದಳು, ಸತ್ತೈತೇನು, ಹೂಂ ಅಪ್ಪ, ನಿನಗ ಪುಕ್ಕಟ ಐತಿ ನಿನ್ನ ಹಕ್ಕಿಗಿಲ್ಲ ಅಂತ ಲಗೇಜಿನ ಟಿಕೀಟು ಹರಿದುಕೊಟ್ಟು ರೊಕ್ಕ ತನ್ನ ಕಿಸೆಯಿಂದಲೇ ಹಾಕಿದ, ಮುಂದಿನ ಸೀಟಿನ ಮಂದಿ ನಕ್ಕರು, ಅಪ್ಪನೂ ನಕ್ಕ. ಬಸ್ಸಿನಲ್ಲಿ ಅಪ್ಪ ಯಾರಿಗೂ ಅಂಜುವುದಿಲ್ಲ, ಇದೇ ವಿರೇಶ ಹತ್ತಿದರೂ ಟಿಕೀಟು ತಗೊಳ್ರಿ ಅಂತ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಾನೆ. ಮನೆಯಲ್ಲಿ ಮಾತ್ರ ಈಗ, ತನ್ನದೇ ಮನೆಯಲ್ಲಿ, ಇನ್ನೊಂದು ಕುರ್ಚಿ ಖಾಲಿ ಇದ್ದರೂ ವಿರೇಶನ ಕುರ್ಚಿಯ ಹಿಂದೆ ಚಪ್ಪಲಿ ಕಳೆದು ನಿಂತಿದ್ದಾನೆ, ಯಾಕ, ಯಾಕ ಇವಳ ಕಡೆ ನೋಡವಲ್ಲ, ಮುಂಜಾನೆಯಿಂದ ಒಂದು ಸಲ ಸೈತ ನೋಡಿಲ್ಲ.

ನಡತಿ ಹ್ಯಾಂಗ್ರೀ ಹುಡುಗೀದು, ಪೊಲೀಸಪ್ಪ ಬಸಿ ಕೆಳಗಿಟ್ಟು ಕಾಗದ ಬಿಡಿಸಿದ, ಬಂಗಾರದಂಥಾ ನಡತಿ ಅಂದ ವಿರೇಶ, ಕಿಸೆಯಿಂದ ಪೆನ್ನು ತೆಗೆದ, ಬಂಗಾರ ಅಂತ, ಹಟ್ಟಿ ಗಣಿಯೊಳಗೂ ಇಷ್ಟು ಸಲೀಸು ಸಿಗೂದಿಲ್ಲ ಬಂಗಾರ, ಎಲ್ಲೋ ಒಂದು ಕಡೆ ಮೋಸ ಐತಿ. ಊರಾಗ ಯಾರ ಜೋಡಿನಾದ್ರೂ ತಕರಾರು, ಜಗಳ, ದೂರು ಇಂಥಾವೇನಾದ್ರೂ, ಅಂತ ಪೊಲೀಸಪ್ಪ ಓದಿಕೊಂಡು ಹೋದ, ವಿರೇಶ ಪೆನ್ನಿನ ಟೊಪ್ಪಿಗೆ ಬಿಚ್ಚಿಕೋತ, ಏನಿಲ್ರೀ, ಹಕ್ಕೀದೊಂದು ಸಣ್ಣ ದೂರಿತ್ತು, ತಿಳೀದ ಕೊಟ್ಟಿದ್ಲು, ವಾಪಸ್ ತಗಸ್ತೀನಿ ಅಂತ ಪಂಪಣ್ಣನೇ ನನ್ನ ಕಡೆ ಬಂದು ಹೇಳಿ ಹೋಗ್ಯಾನ, ಮುಗದ್ಹೋತು ಅದು.

ಅಪ್ಪ. ಮಾಬುಬೀ ಅಲ್ಲ, ಆಫೀಸಿನವರಲ್ಲ, ಅಪ್ಪ, ಲಗೇಜಿಗೆ ಟಿಕೀಟು ಹರಿದ ಅಪ್ಪ, ಎಂದು ಹೋದ, ಏನಂತ ಹೇಳಿದ, ಹೀಗೇ ಚಪ್ಪಲಿ ಕಳೆದು ನಿಂತು ಹೇಳಿದನೇನು— ವಾಪಸ್ ತಗೊಂಡೀಯೇನವಾ ಅಂತ ಪೊಲೀಸಪ್ಪ ಕೇಳುತ್ತಿದ್ದ, ಇವಳನ್ನೇ ಕೇಳುತ್ತಿದ್ದ, ಸಂದರ್ಶನದ ತಣ್ಣನೆ ಕೋಣೆಯಲ್ಲೂ ಹೀಗೇ ಒಬ್ಬ ಕನ್ನಡಕದ ಹೆಣ್ಣುಮಗಳು ಮುಂದಕ್ಕೆ ಬಾಗಿ ಕೇಳಿದ್ದರು, ಸತ್ತ ಹೆಬ್ಬಾತು ನೋಡಿದೆ ಅಂತೀಯಲ್ಲ, ನೋಡಿ ಏನು ಮಾಡಿದೆ, ದೂರು ಕೊಟ್ಟೆ ಮೇಡಂ, ಊರವರು ಒತ್ತಾಯ ಮಾಡಿದರೆ, ಬಿಡಲ್ಲ ಮೇಡಂ. ಅಲ್ಲಿ ಹೇಳುವುದು ಎಷ್ಟು ಸುಲಭ ಇತ್ತು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಅಲ್ಲಿ ಅಪ್ಪ ಇರಲಿಲ್ಲ, ಆರಿದ ಚಹಾ ಇರಲಿಲ್ಲ. ಹೂಂ ಅಂದುಬಿಟ್ಟರ ಸಹಿ ಬೀಳ್ತೈತಿ, ಒಂದು ಹೂಂ, ನೌಕರಿ ಕೈಯಾಗ, ಆಮ್ಯಾಲೆ ಹಕ್ಕಿಗಳ ಸಲುವಾಗಿ ಎಷ್ಟು ಬೇಕಾದರೂ ಮಾಡಬಹುದು— ಹಿಂಗ ಅಂದುಕೊಂಡೇ ಅಲ್ಲೇನು ಎಲ್ಲಾರೂ ಹೂಂ ಅನ್ನೋದು. ಇಲ್ರೀ, ವಾಪಸ್ ತಗೊಂಡಿಲ್ಲ, ತಗೊಳ್ಳಾಂಗಿಲ್ಲ. ಯಾರ ದನಿ ಇದು, ತನ್ನದೇ, ಇಷ್ಟು ಜೋರಾಗಿ ಯಾಕ ಬಂತು.

ಪೆನ್ನು ಕಾಗದದ ಮೇಲೆ ನಿಂತಿತು, ವಿರೇಶ ನಗು ಬಿಡದೇ ಟೊಪ್ಪಿಗೆ ಹಾಕಿದ, ಚಟ್ ಅಂತು, ಆತು ಬಿಡು, ನಿನ್ನ ನಡತಿಗೆ ನೀನೇ ಸಾಕ್ಷಿ ಹುಡುಕ್ಕೋ ಅಂತ ಎದ್ದ, ಬಾಗಿಲಲ್ಲಿ ತಿರುಗಿ ಅಪ್ಪನ ಕಡೆ ನೋಡಿ, ನಾ ಏನು ಹೇಳಿದ್ದೆ ಪಂಪಣ್ಣ, ಇನ್ನ ಮುಂದಿನದ್ದಕ್ಕ ನನ್ನ ಕೇಳಬ್ಯಾಡ ಅಂದ, ಮುಂದಿನದ್ದು ಅಂದರೆ ಏನು, ಯಾವುದು ಮುಂದಿನದ್ದು. ನೀ ಕೊಟ್ಟ ದೂರು ನಿನಗೇನು ಅಡ್ಡ ಬರಾಂಗಿಲ್ಲವಾ, ನಿನ್ನ ಮ್ಯಾಲೆ ಯಾರೂ ಕೊಟ್ಟಿಲ್ಲಲ್ಲ, ಆದ್ರ ಇನ್ನೊಂದು ಸಹಿ ಬೇಕಾಗ್ತೈತಿ ನೋಡು, ಅಂದ ಪೊಲೀಸಪ್ಪ, ಗಡಿಯಾರ ನೋಡಿದ, ಅವ್ವ ಅಷ್ಟರಲ್ಲಿ ಹಿತ್ತಲಿನಿಂದ ಮಾಬುಬೀಯನ್ನು ಕೈ ಹಿಡಿದು ಕರಕೊಂಡೇ ಬಂದಿದ್ದಳು, ಯಾಕೋ ಏನೋ ಅಂತ ಹೆದರಿ ಬಂದ ಮಾಬುಬೀ ಮಾತು ಕೇಳಿ ಹೊಸ್ತಿಲ ಮೇಲೇ ನಿಂತಳು, ಓಣಿಯಲ್ಲಿ ಹೋಗುತ್ತಿದ್ದ ವಿರೇಶನ ಬೆನ್ನು ನೋಡಿದಳು, ಈಗ ಇಲ್ಲ ಅಂತಾಳ, ಆಡು ನೆನಪಾತು ಆಕಿಗೆ, ಇಲ್ಲ ಅಂತಾಳ— ಎಲ್ಲಿ ಹಾಕಲ್ರೀ ಅಂದಳು ಮಾಬುಬೀ. ಸುಳ್ಳು ಹೇಳೋ ಹುಡುಗಿ ಅಲ್ರೀ ಇದು, ನನಗ ಒಂದ ಸಲ ಹೇಳ್ಯಾಳ, ಚೀಲದಾಗ ಏನಿಲ್ಲ ಅಂತ, ಅದೂ ಬರ್ಲಿಲ್ಲ ಆಕಿಗೆ. ಪೊಲೀಸಪ್ಪ ನಕ್ಕ, ಮಾಬುಬೀ ಸೆರಗಿಗೆ ಕೈ ಒರೆಸಿಕೊಂಡು ತನ್ನ ಹೆಸರು ಬರೆದಳು, ಈ ಹೆಂಗಸಿನ ಮ್ಯಾಲೆ ಚಳಿಗಾಲದಿಂದ ಗುಮಾನಿ ಪಟ್ಟೀನಿ, ಎದುರು ಬಂದರ ಮುಖ ತಿರುವೀನಿ, ಆಕಿಗೆ ಗೊತ್ತಿತ್ತೋ ಏನೋ.

ಪೊಲೀಸಪ್ಪನ ಗಾಡಿಯ ಸಪ್ಪಳ ದೂರವಾಯಿತು. ಆಗಿಹೋತು, ಕಾಗದ ಹೋತು, ನೌಕರಿ ಬಂತು, ಬಂದಂಗೇ, ಅವ್ವ ಕಣ್ಣು ಒರೆಸಿಕೊಂಡಳು, ಅಪ್ಪ ಮಾತ್ರ ನಿಂತಲ್ಲೇ ನಿಂತಿದ್ದಾನೆ, ಯಾಕ ಹೋಗಿದ್ದಿ ಅಪ್ಪ ಅವನ ಕಡೆ, ನನ್ನ ನೌಕರಿ ಸಲುವಾಗಿ ಅಂಜಿದೇನು, ಅಂತ ಕೇಳಿದಳು, ಕೇಳಿದ್ದು ತೀರ್ಪಿನ ಹಾಂಗ ಕೇಳಿಸಿತು ತನಗೇ. ನಿನ್ನ ಸಲುವಾಗಿ ಅಲ್ಲವಾ, ಅಂದ ಅಪ್ಪ. ಆಗ ಮೊದಲ ಸಲ ಇವಳ ಕಡೆ ನೋಡಿದ. ರಾಜೇಶನ ಸಲುವಾಗಿ ಹೋಗಿದ್ದೆ. ವಿಷ ಕಲಸಿದ್ದು ನಿಮ್ಮಣ್ಣ, ಚೆಲ್ಲಿ ಬಂದದ್ದೂ ಅವನೇ, ಧಣಿ ಹೇಳಿದ್ದು ಮಾಡ್ಯಾನ, ಅಂಗಡಿಯಾಗ ದುಡಿಯೋ ಮನುಷ್ಯ ಇಲ್ಲ ಅನ್ನಾಕ ಬರ್ತೈತೇನು, ನಾಳೆ ಹಿಡಿದರ ಯಾರನ್ನ ಹಿಡಿತಾರ, ವಿರೇಶ ನಾ ಹೇಳೇ ಇಲ್ಲ ಅಂತಾನ. ಅವ್ವನಿಗೂ ಗೊತ್ತಿರಲಿಲ್ಲ, ಅವ್ವ ಕುಂತುಬಿಟ್ಟಳು, ಅವ್ವನ ಮುಖ ನೋಡಿ ಗೊತ್ತಾಗ್ತೈತಿ, ಅಥವಾ ಗೊತ್ತಿತ್ತೇನು, ಅವ್ವನಿಗೂ ಗೊತ್ತಿತ್ತೇನು, ಎಲ್ಲಾರಿಗೂ ಗೊತ್ತಿದ್ದು ತನಗೊಬ್ಬಳಿಗೇ— ಇಲ್ಲ, ತನಗೂ, ತನ್ನ ಕಣ್ಣೂ ನೋಡಿತ್ತು, ಹಕ್ಕಿ ಸಾಯುವ ಹಿಂದಿನ ದಿನ ಸಂಜೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ರಾಜೇಶ ಕುಕ್ಕರಗಾಲಲ್ಲಿ ಕುಂತು ಕೈ ತೊಳೆಯುತ್ತಿದ್ದ, ನೀರು ಹಾಕು ಸುಕ್ಕಿ ಅಂದಿದ್ದ, ಚೆಂಬಿನಿಂದ ತಾನೇ ನೀರು ಹಾಕಿದ್ದಳು, ಸಾಬೂನಿನ ನೊರೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಏನೋ ಇದು ಅಂದದ್ದಕ್ಕೆ ಅಂಗಡಿ ಔಷಧ ಅಂದ, ಹಕ್ಕಿಗಳ ಕಾಲಿನ ಕೆಸರು ಗುರುತಿಸುವ ಕಣ್ಣು ಅದನ್ನ ನೋಡಿ ಸುಮ್ಮನಿತ್ತು. ಸಂಜೆಗೆ ಮನೆಗೆ ಬರ್ತಾನ, ಉಣ್ಣಾಕ ಕುಂದರ್ತಾನ, ಏನಾತು ನಿನ್ನ ಪೊಲೀಸ್ದು ಅಂತ ಕೇಳ್ತಾನ, ದೂರು ಹಾಂಗೇ ಐತಿ ಅಣ್ಣ ಅನ್ನಬೇಕು, ಬಿಡಾಂಗಿಲ್ಲ ಅನ್ನಬೇಕು, ಧಣಿ ಹೇಳಿದ್ದು ಅಂತ ನೀನ ಬಂದು ಹೇಳು ಅನ್ನಬೇಕು, ಹೇಳ್ತಾನೇನು, ಹೇಳಿದರ ಅವನ ದುಡಿಮಿ, ಹೇಳದಿದ್ದರ— ನೇರಳೆ ನೊರೆ ಕಲ್ಲಿನ ಮೇಲಿಂದ ಇಳಿದು, ಇನ್ನಾ ಹಾಕು ಅಂದಿದ್ದ, ಇನ್ನಾ ಹಾಕಿದ್ದಳು, ಹೋಗವಲ್ಲದು ಅಂದಿದ್ದ, ತಿಕ್ಕಿ ತಿಕ್ಕಿ, ಬೆರಳಿನ ಸಂದಿಯಲ್ಲಿ ಹಾಂಗೇ ಉಳಿದ ನೇರಳೆ, ಎರಡೂ ಕೈ ಚಾಚಿಕೊಂಡು ಅಣ್ಣ, ನೀರು ಹಾಕುತ್ತ ತಾನು, ಅವನ ಕೈ, ಅವನ ನೇರಳೆ ಕೈ