ನೀರಿಗೆ ಹಾಕಿದ ಬೀಗ

ತಮ್ಮನಿಗೆ ಎರಡನೆಯ ಸಲ ಜ್ವರ ಬಿಟ್ಟು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಅವನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬೀಗ ಜಡಿದಳು. ಅದಕ್ಕೆ ಇದ್ದದ್ದು ಒಂದೇ ಕೀಲಿಕೈ. ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಪಕ್ಕದಲ್ಲೇ ನಿಂತಿದ್ದ ಅಕ್ಕನಿಗೆ, ಈ ಬೀಗ ಯಾರಿಗಾಗಿ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ತಮ್ಮನದು ಬೀಗ ರಿಪೇರಿಯ ಕೆಲಸ. ಅಪ್ಪನಿಂದ ಬಂದ ಅಂಗಡಿ. ಕೀಲಿ ಕಳೆದುಕೊಂಡವರು, ಒಳಗೆ ಕೀಲಿ ಬಿಟ್ಟು ಬಾಗಿಲು ಎಳೆದುಕೊಂಡು ಪೆಚ್ಚಾದವರು, ಎಲ್ಲರಿಗೂ ಅವನೇ ಗತಿ. ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಲು ಬಗ್ಗಿದವನು ಮೇಲೆ ಏಳಲಿಲ್ಲ. ಲಕ್ವ ಹೊಡೆದಿತ್ತು. ಜೀವವೇನೋ ಉಳಿಯಿತು, ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲಿತು, ನುಂಗುವುದು ಹೇಗೆಂಬುದನ್ನೇ ಗಂಟಲು ಮರೆಯಿತು. ತೆಳ್ಳಗಿನ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಆದ್ದರಿಂದ ಯಾವುದೇ ಪಾನೀಯವಾದರೂ ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆ ಗಟ್ಟಿ ನೀರನ್ನು ಕಂಡರೆ ತಮ್ಮನಿಗೆ ಆಗುತ್ತಿರಲಿಲ್ಲ. ಗೋಡೆಗೆ ಕಾಗದ ಅಂಟಿಸುವುದಕ್ಕೆ ಚೆನ್ನಾಗಿದೆ ಎಂದು ಹೆಂಡತಿಯೇ ಒಮ್ಮೆ ನಕ್ಕಿದ್ದಳು. ಅದು ಅವಳು ಇನ್ನೂ ನಗುತ್ತಿದ್ದ ಕಾಲ.

ಮೊದಲ ಜ್ವರಕ್ಕೆ ಯಾರೂ ಯಾರನ್ನೂ ದೂರಲಿಲ್ಲ. ಎರಡನೆಯದಕ್ಕೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮನೇಲಿ ಯಾರೋ ಇವರಿಗೆ ಬರೀ ನೀರು ಕುಡಿಸ್ತಿದ್ದೀರಿ. ಇನ್ನೊಂದು ಸಲ ಹೀಗೇ ಕರ್ಕೊಂಡು ಬಂದ್ರೆ ನನ್ನ ಕೈಲಿ ಏನೂ ಆಗಲ್ಲ.”

ಹೆಂಡತಿ ತಿರುಗಿ ಅಕ್ಕನನ್ನು ನೋಡಿದಳು. ನೋಡಲು ಕಾರಣವೂ ಇತ್ತು. ಅಕ್ಕನ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಆತ ಕೊನೆಯ ಗಳಿಗೆಯಲ್ಲಿ ನೀರು ನೀರು ಎಂದು ಬೇಡಿದರೂ, ಡಾಕ್ಟರು ಕೊಡಬೇಡಿ ಎಂದಿದ್ದರು ಎಂಬ ಒಂದೇ ಕಾರಣಕ್ಕೆ ಅಕ್ಕ ಕೊಟ್ಟಿರಲಿಲ್ಲ. ಆತ ಒಣಗಿದ ತುಟಿಯಲ್ಲೇ ಹೋದ. ದೇವರು ನನ್ನನ್ನು ಇದೊಂದಕ್ಕೆ ಕೇಳುತ್ತಾನೆ, ನನ್ನ ಬಳಿ ಉತ್ತರವಿಲ್ಲ ಎಂದು ಈ ಮನೆಯ ಜಗಲಿಯಲ್ಲಿ ಕೂತು ಅವಳು ಎಷ್ಟು ಸಲ ಹೇಳಿ ಅತ್ತಿದ್ದಳೋ. ತಮ್ಮನ ಆರೈಕೆಗೆಂದು ಬಂದವಳ ಬಾಯಲ್ಲಿ ಇಂಥ ಮಾತು ಕೇಳಿದ ಹೆಂಡತಿ ಇನ್ನು ಯಾರನ್ನು ಅನುಮಾನಿಸಬೇಕು?

ಅಂದಿನಿಂದ ಮನೆಯ ಕ್ರಮವೇ ಬದಲಾಯಿತು. ಗಂಡನ ಬದಲು ಈಗ ಅಂಗಡಿ ನಡೆಸುತ್ತಿದ್ದವಳು ಹೆಂಡತಿ. ಊಟ ಮುಗಿಸಿ, ಗಂಡನಿಗೆ ಉಣಿಸಿ, ಗಟ್ಟಿ ನೀರಿನ ಬಟ್ಟಲನ್ನು ಹೊರಗಿಟ್ಟು, ಅಡುಗೆಮನೆಗೆ ಬೀಗ ಹಾಕಿ ಹೊರಟರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ನಿಮಗೊಂದು ಬಾಟಲಿ ನೀರು ಇಡಲೇ ಎಂದು ಅವಳು ಕೇಳಿದಾಗ, ಅವನಿಗಿಲ್ಲದ್ದು ನನಗೂ ಬೇಡ ಎಂದು ಅಕ್ಕ ಮುಖ ತಿರುಗಿಸಿದ್ದಳು. ಹೀಗೆ ಮಧ್ಯಾಹ್ನವೆಲ್ಲ ಅಕ್ಕ ತಮ್ಮ ಇಬ್ಬರೂ ಬಾಯಾರಿ ಕೂರುತ್ತಿದ್ದರು. ಬಚ್ಚಲಲ್ಲಿ ನೀರಿತ್ತು, ಆದರೆ ಅದಕ್ಕೆ ಎರಡು ಮೆಟ್ಟಿಲು ಇಳಿಯಬೇಕು. ತಮ್ಮನ ಗಾಲಿ ಕುರ್ಚಿ ಅಲ್ಲಿಗೆ ಇಳಿಯುವುದಿಲ್ಲ, ಅಕ್ಕನೇ ಹಿಡಿದು ಇಳಿಸಬೇಕು.

ಇಷ್ಟಾದರೂ ಒಂದು ಸಂಜೆ ತಮ್ಮನ ಅಂಗಿಯ ಕೊರಳು ಒದ್ದೆಯಾಗಿರುವುದು ಅಕ್ಕನ ಕೈಗೆ ತಾಗಿತು. ಅವನ ದನಿ ಕೇಳಿದಳು. ನೀರು ನಿಂತ ಕೊಳವೆಯೊಳಗಿಂದ ಬಂದಂತೆ ಗೊರಗೊರ ಎನ್ನುತ್ತಿತ್ತು. ಎರಡು ಸಲವೂ ಜ್ವರಕ್ಕೆ ಮೊದಲು ಇದೇ ದನಿ.

ಅಕ್ಕ ಲೆಕ್ಕ ಹಾಕಿದಳು. ತಾನು ಕೊಟ್ಟಿಲ್ಲ. ಬೀಗ ಬಿದ್ದಿದೆ. ಕೀಲಿಕೈ ಇರುವುದು ಒಬ್ಬಳ ಕೊರಳಲ್ಲಿ. ಇನ್ನು ಉಳಿದದ್ದೇನು?

ಆ ಯೋಚನೆಯನ್ನು ಅವಳು ಒಂದೇ ಸಲಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗೆ ನಿಲ್ಲಿಸಿ ನೋಡಿದಳು. ಆದರೆ ಒಂದೊಂದೇ ನೆನಪು ಅದಕ್ಕೆ ಸಾಕ್ಷಿ ಹೇಳಲು ಬಂತು. ಪಕ್ಕದ ಮನೆಯಾಕೆಯ ಹತ್ತಿರ ಹೆಂಡತಿ, ಹೀಗೆ ಇರುವುದಕ್ಕಿಂತ ಎಂದು ಶುರು ಮಾಡಿ, ಅಕ್ಕನನ್ನು ಕಂಡು ಮಾತು ನುಂಗಿದ್ದು. ರಾತ್ರಿ ಗಂಡನ ಮಗ್ಗುಲು ಬದಲಿಸುವಾಗ ಅವಳ ಮುಖ ಕಲ್ಲಿನಂತಿದ್ದದ್ದು. ಅಕ್ಕನ ಹೇರ್‌ಪಿನ್ನುಗಳು ಕೂಡ ಈಚೆಗೆ ಒಂದೊಂದಾಗಿ ಕಾಣೆಯಾಗುತ್ತಿದ್ದವು; ಅದೂ ಅವಳದೇ ಕೆಲಸವಿರಬೇಕು, ತನ್ನನ್ನು ಇಲ್ಲಿಂದ ಓಡಿಸುವುದಕ್ಕೆ ಸಣ್ಣಸಣ್ಣ ಕಾಟ ಕೊಡುತ್ತಿದ್ದಾಳೆ ಎನ್ನಿಸಿತು. ಅನುಮಾನ ಒಮ್ಮೆ ಕಣ್ಣಿಗೆ ಹತ್ತಿದರೆ ಹೇರ್‌ಪಿನ್ನೂ ಆಯುಧವಾಗಿ ಕಾಣುತ್ತದೆ.

ಹೆಂಡತಿ ಬಂದು ಚಪ್ಪಲಿ ಬಿಡುವುದರೊಳಗೆ ಅಕ್ಕ ಕೇಳಿಯೇಬಿಟ್ಟಳು.

“ಕೀಲಿ ನಿನ್ನ ಕೊರಳಲ್ಲಿದೆ. ಇವನ ಅಂಗಿ ಹೇಗೆ ನೆನೀತು?”

ಹೆಂಡತಿ ಅಂಗಿ ಮುಟ್ಟಿ ನೋಡಿದಳು. ಗಂಡನ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಎದ್ದಾಗ ಅವಳ ಬಣ್ಣ ಇಳಿದಿತ್ತು.

“ಪಕ್ಕದ ಮನೇಲೂ ನೀರಿರುತ್ತೆ ಅತ್ತಿಗೆ. ಬೀಗ ಹಾಕೋಕೆ ಅದು ನನ್ನ ಮನೆ ಅಲ್ವಲ್ಲ.”

“ದೇವರಾಣೆ, ನಾನು ಕೊಟ್ಟಿಲ್ಲ.”

“ದೇವರನ್ನ ಎಳೀಬೇಡಿ. ಅವನ ಹೆಸರಲ್ಲೇ ನೀವು ಕೊಡ್ತಿರೋದು.”

ಆಮೇಲೆ ಅವಳು ದನಿ ಏರಿಸದೆ ಹೇಳಿದ್ದಿಷ್ಟು: ಇದೊಂದು ಸಲ ಜ್ವರ ಬರದಿರಲಿ ಎಂದು ಬೇಡಿಕೊಳ್ಳುತ್ತೇನೆ, ಭಾನುವಾರ ನೀವು ನಿಮ್ಮ ಮನೆಗೆ ಹೊರಡಿ. ಅಕ್ಕನಿಗೆ ತನ್ನ ಮನೆ ಎಂದರೆ ಗಂಡನ ಕೋಲು ಮೂಲೆಯಲ್ಲಿ ಒರಗಿರುವ ಎರಡು ಕೋಣೆ. ಅದಕ್ಕಿಂತ ಹೆಚ್ಚಾಗಿ, ತಾನು ಹೋದರೆ ತಮ್ಮನನ್ನು ಇವಳ ಕೈಯಲ್ಲಿ ಒಪ್ಪಿಸಿ ಹೋದಂತೆ.

ಪುಣ್ಯಕ್ಕೆ ಆ ಸಲ ಜ್ವರ ಬರಲಿಲ್ಲ. ಆದರೆ ಕಳ್ಳರನ್ನು ಹಿಡಿಯದೆ ಹೊರಡುವುದಿಲ್ಲ ಎಂದು ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡಳು. ದಿನವೂ ಮಧ್ಯಾಹ್ನ ಅವಳು ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂರುವುದು ಮನೆಗೆಲ್ಲ ಗೊತ್ತು. ನಡುಮನೆಯಲ್ಲಿ ತಮ್ಮ ಒಂಟಿಯಾಗಿರುವುದು ಆ ಹೊತ್ತು ಮಾತ್ರ. ಹೆಂಡತಿ ಹಿತ್ತಿಲ ಬಾಗಿಲಿನಿಂದ ಬಂದು ಹೋಗುವುದಿದ್ದರೆ ಆಗಲೇ. ಆ ದಿನ ಅಕ್ಕ ಎಂದಿನಂತೆ ಒಳಗೆ ಕೂತು ಎಂದಿನ ದನಿಯಲ್ಲೇ ಶುರು ಮಾಡಿದಳು. ಬಾಯಲ್ಲಿ ದೇವರ ನಾಮ, ಕಣ್ಣು ಬಾಗಿಲ ಸಂದಿಯಲ್ಲಿ. ಇದೊಂದು ದಿನ ಮನ್ನಿಸಪ್ಪಾ ಎಂದು ನಡುನಡುವೆ ಸೇರಿಸಿಕೊಂಡಳು.

ಹಿತ್ತಿಲ ಬಾಗಿಲು ಸದ್ದು ಮಾಡಲಿಲ್ಲ. ಸದ್ದು ಮಾಡಿದ್ದು ಗಾಲಿ.

ತಮ್ಮ ಎಡಗಾಲಿನಿಂದ ನೆಲ ಎಳೆಯುತ್ತ, ಎಡಗೈಯಿಂದ ಗಾಲಿ ತಿರುಗಿಸುತ್ತ ಅಡುಗೆಮನೆಯ ಕಡೆಗೆ ಸಾಗಿದ್ದ. ಹೀಗೆ ಕುರ್ಚಿ ನಡೆಸುವುದನ್ನು, ಕೈಕಾಲಿಗೆ ವ್ಯಾಯಾಮ ಮಾಡಿಸಲು ಬೆಳಿಗ್ಗೆ ಬರುವ ಫಿಸಿಯೋ ಮೇಡಂ ಹೇಳಿಕೊಡಲು ಹೆಣಗಿದಾಗ ಮುಖ ಊದಿಸಿಕೊಂಡು ಕೂತಿದ್ದವನು ಇವನೇ. ಬಾಗಿಲ ಬಳಿ ನಿಂತ. ಕುಳಿತ ದಿಂಬಿನ ಅಡಿಯಿಂದ ಏನೋ ತೆಗೆದ. ನೆಟ್ಟಗೆ ಮಾಡಿ, ತುದಿ ಬಗ್ಗಿಸಿದ ಎರಡು ಹೇರ್‌ಪಿನ್ನು.

ಅಕ್ಕ ಅಪ್ಪನ ಅಂಗಡಿಯಲ್ಲಿ ಆಡಿ ಬೆಳೆದವಳು. ಕೀಲಿಯಿಲ್ಲದೆ ಬೀಗ ತೆರೆಯುವುದು ಒಂದು ಕೈಯ ಕೆಲಸವಲ್ಲ ಎಂದು ಅವಳಿಗೆ ಗೊತ್ತು. ಒಂದು ಕಂಬಿಯಿಂದ ಒಳಗಿನ ಹಲ್ಲುಗಳನ್ನು ಎತ್ತುವಾಗ, ಇನ್ನೊಂದರಿಂದ ಕೀಲಿ ತೂತನ್ನು ಒಂದಿಷ್ಟೇ ತಿರುಗಿಸಿ ಬಿಗಿಹಿಡಿಯಬೇಕು. ಹೆಚ್ಚಾದರೆ ಹಲ್ಲು ಏಳುವುದಿಲ್ಲ, ಕಡಿಮೆಯಾದರೆ ನಿಲ್ಲುವುದಿಲ್ಲ. ತಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಬೀಗದ ಮೇಲಿಟ್ಟ. ಮಡಚಿಕೊಂಡೇ ಇರುತ್ತಿದ್ದ ಆ ಬೆರಳುಗಳು ಬೀಗಕ್ಕೆ ಕೊಕ್ಕೆಯಂತೆ ಸಿಕ್ಕಿಕೊಂಡವು. ಹೆಬ್ಬೆರಳು ನಡುಗಿತು, ಜಾರಿತು, ಮತ್ತೆ ಹುಡುಕಿತು, ಕಂಬಿಯನ್ನು ಒತ್ತಿ ಹಿಡಿಯಿತು. ಮಣಿಯೊಂದನ್ನು ಎತ್ತಿ ಬಟ್ಟಲಿಗೆ ಹಾಕಿ ಎಂದು ಮೇಡಂ ಅಂಗಲಾಚಿದರೂ ಮೇಜಿನ ಮೇಲೆ ಸತ್ತಂತೆ ಬಿದ್ದಿರುತ್ತಿದ್ದ ಕೈ ಅದು.

ಅಕ್ಕನ ಬಾಯಲ್ಲಿ ನಾಮ ನಿಂತುಹೋಯಿತು. ಕೈ ಬಂತು ಎಂದು ಹಿಗ್ಗಬೇಕೋ, ನೀರು ಒಳಗಿಳಿದೀತೆಂದು ಓಡಬೇಕೋ ತಿಳಿಯದೆ ಕೂತಲ್ಲೇ ಕೂತಳು. ಬೀಗ ಬಾಯಿಬಿಟ್ಟಿತು. ಕುರ್ಚಿ ಒಳಗೆ ಹೋಯಿತು. ನಲ್ಲಿಯಿಂದ ಲೋಟಕ್ಕೆ ನೀರು ಬೀಳುವ ಸದ್ದು ಕೇಳಿದ ಮೇಲೆ ಅವಳು ಎದ್ದು ಓಡಿ ಲೋಟ ಹಿಡಿದುಕೊಂಡಳು. ಅವನು ಬಿಡಲಿಲ್ಲ. ಇಬ್ಬರ ನಡುವೆ ನೀರು ಚೆಲ್ಲಿತು. ನೆಲದ ಮೇಲಿನ ನೀರನ್ನು ತಮ್ಮ ನೋಡಿದ ನೋಟ ಅವಳಿಗೆ ಸಾಯುವವರೆಗೆ ಮರೆಯುವಂಥದಲ್ಲ. ಅದೇ ನೋಟವನ್ನು ಅವಳು ಒಮ್ಮೆ ಆಸ್ಪತ್ರೆಯ ಮಂಚದಲ್ಲಿ, ಗಂಡನ ಕಣ್ಣಲ್ಲಿ ಕಂಡಿದ್ದಳು.

ಸಂಜೆ ಹೆಂಡತಿ ಬಂದಾಗ ಅಕ್ಕ ಎಲ್ಲವನ್ನೂ ಹೇಳಿದಳು. ಹೆಂಡತಿ ಕೇಳಿ ಮುಗಿಸಿ, ಚಮಚ ಹಿಡಿಯಲಾರದ ಕೈ ಬೀಗ ತೆರೆಯಿತೇ ಎಂದು ಮೂಗು ಮುರಿದಳು. ತಪ್ಪಿಸಿಕೊಳ್ಳುವುದಕ್ಕೆ ಹಾಸಿಗೆ ಹಿಡಿದವನ ಮೇಲೆ ಹಾಕುತ್ತೀರಲ್ಲ ಎಂದಳು. ಅಕ್ಕ ಪಿನ್ನುಗಳನ್ನು ತಂದು ಮುಂದೆ ಇಟ್ಟಳು.

“ಪಿನ್ನು ನಿಮ್ಮವೇ, ಅತ್ತಿಗೆ.”

ಮಾರನೆಯ ಬೆಳಿಗ್ಗೆ ಫಿಸಿಯೋ ಮೇಡಂ ಬಂದಾಗ ಪರೀಕ್ಷೆಯೇ ನಡೆಯಿತು. ಆಕೆ ತಮ್ಮನ ಬಲಗೈಯಲ್ಲಿ ಬೀಗ ಇಟ್ಟರು. ಅವನು ಅಕ್ಕನ ಮುಖ ನೋಡದೆ ಗೋಡೆ ನೋಡಿದ. ಬೀಗ ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಮನೆಯವರು ಆಸೆಗೆ ಏನೇನೋ ಕಾಣುತ್ತಾರೆ, ಬೇಸರ ಮಾಡಿಕೊಳ್ಳಬೇಡಿ ಎಂದು ಮೇಡಂ ಮೆಲ್ಲಗೆ ಹೇಳಿ ಅಕ್ಕನ ಭುಜ ತಟ್ಟಿದರು. ಆ ತಟ್ಟಿದ ಕೈ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ತಮ್ಮ ಬೇಕೆಂದೇ ಬೀಳಿಸಿದ್ದ. ಗೊತ್ತಾದರೆ ನೀರು ತಪ್ಪುತ್ತದೆ. ಒಂದು ಲೋಟ ನೀರಿಗಾಗಿ, ಎತ್ತಿ ಆಡಿಸಿದ ಅಕ್ಕನನ್ನು ಕಳ್ಳಿ ಮಾಡಿ ಕಳಿಸಲು ಅವನು ಸಿದ್ಧನಾಗಿದ್ದ. ಅವಳು ಆ ರಾತ್ರಿ ದೇವರ ಮುಂದೆ ಕೂತು ಏನನ್ನೂ ಕೇಳಲಿಲ್ಲ. ಭಾನುವಾರದವರೆಗೂ ಮಧ್ಯಾಹ್ನದ ಪ್ರಾರ್ಥನೆ ಬಿಟ್ಟು ಅವನ ಎದುರೇ ಕಾವಲು ಕೂತಳು.

ಭಾನುವಾರ ಬಾಡಿಗೆ ಕಾರು ಬಂದು ಬೀದಿಯಲ್ಲಿ ನಿಂತಿತು. ಅಕ್ಕ ಚೀಲ ಹಿಡಿದು ತಮ್ಮನ ಕುರ್ಚಿಯ ಮುಂದೆ ಕೂತಳು. ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಾಳೆಂದು ತಿಳಿದೇ ಮಾತಾಡಿದಳು.

“ಪುಟ್ಟಾ, ನೀನು ನನ್ನ ಮೇಲೆ ಹಾಕಿದ್ದನ್ನ ಹೊಟ್ಟೆಗೆ ಹಾಕ್ಕೊಳ್ತೀನಿ. ನಾಳೆಯಿಂದ ಈ ಮನೇಲಿ ಇರೋದು ನೀವಿಬ್ಬರೇ. ಮತ್ತೆ ಜ್ವರ ಬಂದ್ರೆ ಹೊರಿಸೋಕೆ ನಾನಿರಲ್ಲ. ಕೀಲಿ ಅವಳ ಕೊರಳಲ್ಲಿರುತ್ತೆ. ನೀನು ಸತ್ತ ಮೇಲೆ ಅವಳನ್ನ ಏನಂತಾರೆ ಗೊತ್ತಾ? ನಾನೇ ಅಂದ್ಕೊಂಡಿದ್ದೆ. ಒಡಹುಟ್ಟಿದ ನಾನೇ ಅಂದ್ಕೊಂಡ ಮೇಲೆ ಜನ ಬಿಡ್ತಾರಾ?”

ತಮ್ಮನ ಕಣ್ಣು ಅಕ್ಕನನ್ನು ದಾಟಿ ಬಾಗಿಲಲ್ಲಿದ್ದ ಹೆಂಡತಿಯ ಮೇಲೆ ನಿಂತಿತು. ಹೊರಗೆ ಕಾರಿನವನು ಹಾರನ್ ಒತ್ತಿದ.

ಆಮೇಲೆ ತಮ್ಮನ ಎಡಗಾಲು ನೆಲ ಎಳೆಯಿತು. ಕುರ್ಚಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಿತು. ದಿಂಬಿನ ಅಡಿಯಲ್ಲಿ ಇನ್ನೂ ಪಿನ್ನುಗಳಿದ್ದವು. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ಬಲಗೈ ಬೀಗವನ್ನು ಹುಡುಕಿತು, ಸಿಕ್ಕಿಕೊಂಡಿತು. ಹೆಬ್ಬೆರಳು ಜಾರಿತು. ಬೆವರು ಅವನ ಕೆನ್ನೆಯ ಮೇಲಿಂದ ಹರಿದು ಗದ್ದದಲ್ಲಿ ತೊಟ್ಟಿಕ್ಕಿತು. ಇಬ್ಬರು ಹೆಂಗಸರೂ ಕೈ ನೀಡಲಿಲ್ಲ. ಬೀಗ ತೆರೆಯಿತು.

ಅವನು ಒಳಗೆ ಹೋಗಲಿಲ್ಲ. ತೆರೆದ ಬೀಗವನ್ನು ಬಲಗೈಯಲ್ಲೇ ಒತ್ತಿ, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಮತ್ತೆ ಹಾಕಿದ.

“ನಾ... ನೇ,” ಎಂದ.

ಹೆಂಡತಿ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಳು. ಗಂಡನ ಬಲಗೈಯನ್ನು ಎತ್ತಿಕೊಂಡು, ಅಂಗಡಿಯಲ್ಲಿ ಯಾರೋ ರಿಪೇರಿಗೆ ತಂದ ಸಾಮಾನನ್ನು ತಿರುಗಿಸಿ ನೋಡುವಂತೆ ಹಿಂದೆ ಮುಂದೆ ನೋಡಿದಳು. ತಲೆಯೆತ್ತದೆ ಕೇಳಿದಳು.

“ನಾನು ಕೊಲ್ತಿದ್ದೀನಿ ಅಂದ್ಕೊಂಡ್ರಾ ಅತ್ತಿಗೆ?”

ಸುಳ್ಳು ಹೇಳುವ ವಯಸ್ಸು ಅಕ್ಕನದಾಗಿರಲಿಲ್ಲ. “ಅಂದ್ಕೊಂಡೆ.”

“ನೀವು ಪುಣ್ಯಕ್ಕೆ ಅಂತ ಪಾಪ ಮಾಡ್ತಿದ್ದೀರಿ ಅಂತ ನಾನು ಅಂದ್ಕೊಂಡಿದ್ದೆ, ಅಷ್ಟೇ. ನಿಮ್ಮ ಅನುಮಾನ ದೊಡ್ಡದಾಯ್ತು.”

“ದೊಡ್ಡದೇ,” ಎಂದು ಅಕ್ಕ ಒಪ್ಪಿಕೊಂಡಳು.

ಕಾರಿನವನು ಮತ್ತೆ ಹಾರನ್ ಒತ್ತಿದ. ಹೆಂಡತಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು. ಅವನೊಂದಿಗೆ ಏನೋ ವಾದ ಮಾಡುವುದು ಕೇಳಿಸಿತು, ಕಾರು ಹೊರಟುಹೋಗುವುದು ಕೇಳಿಸಿತು. ಅವಳು ಒಳಗೆ ಬಂದು ಅಕ್ಕನ ಕಡೆ ನೋಡದೆಯೇ ನಿಂತಳು. ಆ ಅನುಮಾನ ಇನ್ನೂ ಪೂರ್ತಿ ಮನೆ ಬಿಟ್ಟು ಹೋಗಿರಲಿಲ್ಲ; ಯಾರ ಮನಸ್ಸಿನಿಂದಲೂ.

“ನಾಳೆ ಫಿಸಿಯೋ ಮೇಡಂ ಬರ್ತಾರೆ,” ಎಂದಳು. “ಇವರ ಕೈ ಆಡ್ತು ಅನ್ನೋ ಮಾತನ್ನ ನೀವೊಬ್ಬರೇ ಹೇಳಿದ್ರೆ ಅವರು ನಂಬಲ್ಲ. ನಾನೂ ಪಕ್ಕದಲ್ಲಿ ನಿಲ್ತೀನಿ.”