ಕೆಂಪು ಟ್ರಾಕ್ಟರಿನ ಭಾನುವಾರಗಳು

ನಮ್ಮ ಮನೆಯವರಲ್ಲಿ ವಿಷಯವಿಲ್ಲದೆ ಫೋನು ಮಾಡುವ ಕ್ರಮವೇ ಇಲ್ಲ. ಯಾರಾದರೂ ತೀರಿಕೊಂಡರೆ, ಮದುವೆ ಗೊತ್ತಾದರೆ, ಜಾಗದ ಕಾಗದಕ್ಕೆ ಸಹಿ ಬೇಕಾದರೆ ಊರಿನಿಂದ ಫೋನು ಬರುತ್ತದೆ. ಸುಮ್ಮನೆ ರಿಂಗಾದರೆ ಎದೆ ಧಸಕ್ಕೆನ್ನಬೇಕು. ಹೀಗಾಗಿ ನನ್ನ ತಂಗಿ ಶೀಲಾವತಿ ಒಂದು ಭಾನುವಾರ ಸಂಜೆ ಕಾರ್ಕಳದ ಹತ್ತಿರದ ನಮ್ಮೂರಿನಿಂದ ಮುಂಬಯಿಗೆ ಫೋನು ಮಾಡಿದಾಗ ನಾನು ಮೊದಲು ಕೇಳಿದ್ದು, "ಯಾರು ಹೋದದ್ದು?" ಎಂದು.

"ಯಾರೂ ಹೋಗ್ಲಿಲ್ಲ ಅಣ್ಣ. ಒಂದು ಟ್ರಾಕ್ಟರ್ ನೋಡ್ಲಿಕ್ಕುಂಟು," ಎಂದಳು.

ಅವಳ ಮಗ ಸಂದೀಪ ಮೊಬೈಲಿನಲ್ಲಿ ಕಂಡದ್ದಂತೆ. ಜಪಾನಿನಲ್ಲಿ ಉಪಯೋಗಿಸಿ ಬಿಟ್ಟ ಸಣ್ಣ ಟ್ರಾಕ್ಟರು, ಹಡಗಿನಲ್ಲಿ ಮುಂಬಯಿಗೆ ಬಂದು ಭಾಂಡುಪಿನ ಒಂದು ಯಾರ್ಡಿನಲ್ಲಿ ಮಾರಾಟಕ್ಕೆ ನಿಂತಿದೆ. ಹೊಸದರ ಅರ್ಧ ಕ್ರಯಕ್ಕೆ ಸಿಗುತ್ತದೆ. ನಮ್ಮ ಗದ್ದೆಗಳು ಸಣ್ಣವು. ಬಾಡಿಗೆಯ ದೊಡ್ಡ ಟ್ರಾಕ್ಟರು ಒಳಗೆ ಬಂದರೆ ತಿರುಗುವಾಗ ಗದ್ದೆಯಂಚಿನ ಹುಣಿ ಒಡೆಯುತ್ತದೆ. ಮಳೆಗಾಲದೊಳಗೆ ಇದು ಬಂದರೆ ಈ ವರ್ಷದ ಬೆಳೆಗೇ ಆದೀತು. ಆದರೆ ಹಳೆಯ ಸಾಮಾನು, ಮೋಸ ಇರಬಹುದು.

"ನೀನು ತಗೊಳ್ಳಬಹುದು ಅಂದ್ರೆ ತಗೊಳ್ತೇವೆ, ಬೇಡ ಅಂದ್ರೆ ಬಿಡ್ತೇವೆ. ಇಡ್ತೇನೆ, ಒಲೆಯಲ್ಲಿ ಗಂಜಿ ಉಂಟು," ಎಂದು ಇಟ್ಟೇಬಿಟ್ಟಳು.

ಕುಂದು ಹುಡುಕುವ ಕೆಲಸಕ್ಕೆ ನನ್ನನ್ನು ಆರಿಸಿದ್ದು ಸರಿಯೇ. ಇಲ್ಲಿನ ಫೋರ್ಟ್ ಪೇಟೆಯ ಉಡುಪಿ ಹೋಟೆಲೊಂದರ ಗಲ್ಲಾದ ಮೇಲೆ ಕೂತು ಕೂತು ತಲೆ ಬೋಳಾದವನು ನಾನು. ಬದನೆಕಾಯಿಯಿಂದ ಗ್ರೈಂಡರಿನವರೆಗೆ ನಾನು ಮೂಗು ಮುರಿಯದೆ ಯಾವುದೂ ಒಳಗೆ ಬಂದದ್ದಿಲ್ಲ. ಸಪ್ಲೈಯರ್‌ಗಳು ನನ್ನ ಬೆನ್ನ ಹಿಂದೆ 'ಇನ್ಸ್‌ಪೆಕ್ಟರ್ ಸದಾನಂದ' ಅನ್ನುತ್ತಿದ್ದರು. ನನಗೆ ಮದುವೆ ಆಗದ್ದೂ ಅದೇ ಗುಣದಿಂದ ಎಂದು ಅಮ್ಮ ಹೇಳುತ್ತಿದ್ದಳು. ಈಗ ಹೋಟೆಲಿಲ್ಲ, ಸಪ್ಲೈಯರ್‌ಗಳಿಲ್ಲ, ಅಮ್ಮನೂ ಇಲ್ಲ. ಚೆಂಬೂರಿನ ಕಾಲೊನಿಯಲ್ಲಿ ಒಂದು ಖೋಲಿ ಇದೆ. ಹಾಲಿನವನು ಚೀಲವನ್ನು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾನೆ, ಅವನ ಮುಖವೂ ಕಾಣುವುದಿಲ್ಲ. ಕೆಲವು ದಿನ ನನ್ನ ಧ್ವನಿ ಇನ್ನೂ ಇದೆಯೇ ಎಂದು ನೋಡಲಿಕ್ಕೆ ಟಿವಿಗೆ ಬೈಯುತ್ತೇನೆ.

ಮುಂದಿನ ಭಾನುವಾರ ಬೆಳಿಗ್ಗೆ ಕುರ್ಲಾದಲ್ಲಿ ಲೋಕಲ್ ಗಾಡಿ ಬದಲಿಸಿ ಭಾಂಡುಪಿಗೆ ಹೋದೆ. ಮುಚ್ಚಿದ ಕಾರ್ಖಾನೆಯೊಂದರ ಅಂಗಳವೇ ಯಾರ್ಡು. ಸುತ್ತಲೂ ಟವರುಗಳು ಎದ್ದಿವೆ. ನಡುವೆ ತಗಡಿನ ಮಾಡು, ಅದರಡಿ ಟ್ರಾಕ್ಟರುಗಳ ಸಾಲು. ಯಜಮಾನನ ಹೆಸರು ದಾವಲಸಾಬ, ಇಳಕಲ್ ಕಡೆಯವನು. ನಾನು ಹಿಂದಿಯಲ್ಲಿ ಶುರುಮಾಡಿದೆ. ಎರಡನೇ ಮಾತಿಗೇ ಅವನು, "ಕನ್ನಡದವರೇನ್ರಿ?" ಎಂದ.

"ಹೌದು, ಮಂಗಳೂರು ಕಡೆ."

"ಅಂದ್ರ ಹೋಟೆಲ್‌ನವ್ರು. ಕುಂದರ್ರಿ, ಚಾ ತರಸ್ತೀನಿ. ನಿಮ್ಮಷ್ಟು ಚಲೋ ಇರಂಗಿಲ್ಲ, ಬೈಬ್ಯಾಡ್ರಿ."

ಕೆಂಪು ಬಣ್ಣದ ಗಿಡ್ಡ ಟ್ರಾಕ್ಟರು. ಲಿವರುಗಳ ಬುಡದಲ್ಲೆಲ್ಲ ಜಪಾನಿ ಅಕ್ಷರ. ಕೀಲಿ ತಿರುಗಿಸಿದ ಕೂಡಲೆ ಸ್ಟಾರ್ಟಾಯಿತು, ಹೊಗೆಯೂ ಹೆಚ್ಚಿಲ್ಲ. ಸೀಟು ಒಂದು ಬದಿಗೆ ಮಾತ್ರ ಸವೆದಿತ್ತು. ಯಾವನೋ ಜಪಾನಿ ಮುದುಕ ಹಿಂದಿರುಗಿ ನೋಡುತ್ತ ನೋಡುತ್ತ ಉತ್ತಿರಬೇಕು. ನಾನೂ ಹತ್ತಿ ಕೂತೆ. ಆ ಸವೆತ ನನ್ನ ಅಂಡಿಗೂ ಸರಿಯಾಯಿತು.

ಆ ಸಂಜೆ ಶೀಲಾ ಫೋನು ಮಾಡಿದಾಗ ಹಿಂದಿನ ಟಯರು ಸ್ವಲ್ಪ ಸವೆದ ಸಂಗತಿ ಹೇಳಿದೆ. ಟಯರಿನಿಂದ ಗದ್ದೆಗೆ, ಗದ್ದೆಯಿಂದ ಪಕ್ಕದ ನೀರಿನ ತೋಡಿಗೆ, ತೋಡಿನಿಂದ ಅಲ್ಲಿ ನಾವು ಹಿಡಿಯುತ್ತಿದ್ದ ಏಡಿಗೆ ಮಾತು ಹೋಯಿತು. ಏಡಿ ನನ್ನ ಹೆಬ್ಬೆರಳು ಕಚ್ಚಿದ್ದನ್ನು ನೆನೆದು ಅವಳು ನಕ್ಕಳು. ಅವಳ ನಗು ಹೇಗಿದೆಯೆಂದೇ ನನಗೆ ಮರೆತುಹೋಗಿತ್ತು. ಕೊನೆಗೆ, "ಟಯರು ಇನ್ನೊಮ್ಮೆ ನೋಡ್ಬೇಕು," ಎಂದೆ.

"ಹಾಗಾದ್ರೆ ಬರುವ ಆದಿತ್ಯವಾರ ಪುನಃ ಮಾಡ್ತೇನೆ," ಎಂದಳು.

ಅಲ್ಲಿಂದ ಶುರುವಾಯಿತು ನನ್ನ ನಾಟಕ. ಒಂದು ವಾರ ಕ್ಲಚ್ಚು, ಒಂದು ವಾರ ಹೈಡ್ರಾಲಿಕ್ಕು, ಒಂದು ವಾರ ರಿಜಿಸ್ಟ್ರೇಷನ್ನು. ಬೆಳಿಗ್ಗೆ ಯಾರ್ಡಿನಲ್ಲಿ ದಾವಲಸಾಬನ ಜತೆ ಜಗಳ ಮತ್ತು ಚಹಾ, ಸಂಜೆ ತಂಗಿಯ ಜತೆ ಮಾತು. ಉಳಿದ ದಿನವೆಲ್ಲ ಆ ಮಾತಿಗೆ ಬೇಕಾದ ಕುಂದುಗಳನ್ನು ಕೂಡಿಹಾಕುತ್ತಿದ್ದೆ.

ನಿಜವಾದ ಕುಂದು ನನಗೆ ಮೊದಲ ದಿನವೇ ಗೊತ್ತಿತ್ತು. ನಮ್ಮ ಹೋಟೆಲಿನ ಧಣಿಗಳು ಒಮ್ಮೆ ಪರದೇಶದ ಹಳೆಯ ಮಶೀನೊಂದನ್ನು ಅಗ್ಗಕ್ಕೆ ತಂದಿದ್ದರು, ಪಾತ್ರೆ ತೊಳೆಯುವುದಕ್ಕೆ. ಕೆಲವೇ ತಿಂಗಳಲ್ಲಿ ಅದರ ಒಂದು ರಬ್ಬರ್ ರಿಂಗು ಹರಿಯಿತು. ಆ ರಿಂಗು ಇಡೀ ಮುಂಬಯಿಯಲ್ಲಿ ಸಿಗಲಿಲ್ಲ. ಆಮೇಲೆ ಆ ಮಶೀನು ಬಾಳೆಲೆ ಪೇರಿಸಿಡುವ ಮೇಜಾಯಿತು. ಈ ಟ್ರಾಕ್ಟರಿಗೂ ಅದೇ ಗತಿ. ಈ ಮಾದರಿ ನಮ್ಮ ದೇಶದಲ್ಲಿ ಮಾರಾಟಕ್ಕೇ ಬಂದದ್ದಲ್ಲ. ಊರಿನ ಮೆಕ್ಯಾನಿಕ್ಕಿನ ಹತ್ತಿರ ಇದರ ಒಂದು ಬೋಲ್ಟೂ ಇರುವುದಿಲ್ಲ. ಇದೊಂದನ್ನು ಮಾತ್ರ ನಾನು ಶೀಲಾಳಿಗೆ ಹೇಳಿರಲಿಲ್ಲ. ಹೇಳಿದರೆ ಮಾತು ಮುಗಿಯುತ್ತದಲ್ಲ.

ಮೇ ತಿಂಗಳ ಕೊನೆಗೆ ದಾವಲಸಾಬನ ತಾಳ್ಮೆ ಮುಗಿಯಿತು.

"ಸಾಹೇಬ್ರ, ಸಾತಾರದಾಂವ ಒಬ್ಬ ಕೇಳಾಕತ್ತಾನ. ನೀವು ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ."

"ಸ್ಪೇರ್ ಪಾರ್ಟಿಗೆ ಎಂತ ಮಾಡುದು ಮಾರಾಯ?" ಎಂದು ಕೊನೆಗೂ ಕೇಳಿದೆ.

"ಸುಳ್ಳ್ಯಾಕ ಹೇಳ್ಲಿ? ನಿಮ್ಮೂರಾಗ ಸಿಗಂಗಿಲ್ಲ. ಕೆಟ್ಟಾಗೊಮ್ಮೆ ನಿಮ್ಮ ತಂಗಿಯವ್ರು ನಿಮಗ ಫೋನ್ ಮಾಡ್ತಾರ. ನೀವು ಇಲ್ಲಿ ಬರ್ತೀರಿ, ನಾ ಈ ಬಿಚ್ಚಿಟ್ಟ ಗಾಡಿಗೋಳಾಗ ಹುಡುಕಿ ಕೊಡ್ತೀನಿ. ಮುಂಬಯಿಯಾಗ ನೀವು ಅದೀರಲ್ಲ, ಅವ್ರಿಗೇನ್ ಚಿಂತಿ?"

ಪಾಪ, ಅವನು ಧೈರ್ಯ ತುಂಬಲೆಂದು ಹೇಳಿದ ಮಾತು. ನನಗೆ ಕೇಳಿಸಿದ್ದು ಬೇರೆಯೇ. ಕೆಟ್ಟಾಗಲೆಲ್ಲ ಫೋನು! ಈ ವರ್ಷ, ಬರುವ ವರ್ಷ, ನಾನು ಇರುವಷ್ಟು ವರ್ಷ. ಹಳೆಯ ಟ್ರಾಕ್ಟರು ಕೆಡದೆ ಎಲ್ಲಿಗೆ ಹೋದೀತು? 'ತಗೊಳ್ಳಬಹುದು' ಎಂದು ಒಂದು ಮಾತು ಹೇಳಿದರೆ ಸಾಕು, ತಂಗಿಗೆ ನಾನು ಬೇಕಾಗುತ್ತಲೇ ಇರುತ್ತೇನೆ. "ಸಂಜೆ ಹೇಳ್ತೇನೆ," ಎಂದು ಹೊರಟವನು ಕುರ್ಲಾದವರೆಗೆ ಗಾಡಿಯ ಬಾಗಿಲಲ್ಲಿ ನಿಂತು ಒಬ್ಬನೇ ನಗುತ್ತ ಬಂದೆ.

ಸಂಜೆ ಶೀಲಾಳ ಫೋನು ಬಂತು. ಹಿಂದೆ ಜೋರು ಗಾಳಿಯ ಸದ್ದು.

"ಮೋಡ ಆಗಿದೆ ಅಣ್ಣ. ಒಂದು ಮಳೆ ಬಿದ್ರೆ ಗದ್ದೆಗೆ ಇಳಿಯುದೇ. ತಗೊಳ್ಳಬಹುದಾ?"

ಗದ್ದೆಗೆ ಇಳಿಯುವುದು ಎಂದದ್ದೇ ತಡ, ಎಲ್ಲ ಕಣ್ಣೆದುರು ಬಂತು. ಕೆಸರಿನ ನಡುವೆ ಹೂತು ನಿಂತ ಕೆಂಪು ಟ್ರಾಕ್ಟರು. ಸೀರೆ ಎತ್ತಿ ಕಟ್ಟಿ, ಹುಣಿಯ ಮೇಲೆ ನಿಂತು, ಮುಂಬಯಿಯಿಂದ ಬರಬೇಕಾದ ಒಂದು ರಿಂಗಿಗೆ ಕಾಯುವ ಶೀಲಾ. ನೆಡಲು ಉತ್ತ ಗದ್ದೆಯಿಲ್ಲದೆ ಬಲಿತುಹೋದ ಭತ್ತದ ನೇಜಿ. ನನಗೆ ಬರುವ ಒಂದು ಫೋನಿಗೆ ಅವಳ ಒಂದು ಬೆಳೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಬೇಡ," ಎಂದೆ. "ಕೆಟ್ಟರೆ ಸಾಮಾನು ಸಿಗುದಿಲ್ಲ. ಅಲ್ಲೇ ಅಂಗಡಿಯಲ್ಲಿ ಉಳುವ ಟಿಲ್ಲರ್ ತಗೊಳ್ಳಿ."

"ಇಷ್ಟು ವಾರ ನೋಡಿ ಇದನ್ನು ಈಗ ಹೇಳುದಾ?"

"ಹೂಂ. ಮೊದ್ಲೇ ಹೇಳ್ಬೇಕಿತ್ತು."

"ಆಯ್ತು, ಸಂದೀಪನಿಗೆ ಹೇಳ್ತೇನೆ. ಇಡ್ತೇನೆ, ಒಲೆಯಲ್ಲಿ ಗಂಜಿ ಉಂಟು."

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸಿಟ್ಟು ಬಂದಿದೆಯೋ ಎಂದುಕೊಂಡೆ. ಸಿಟ್ಟೂ ಇರಲಿಕ್ಕಿಲ್ಲ, ವಿಷಯವಿಲ್ಲ, ಅಷ್ಟೆ. ಮೊಬೈಲನ್ನು ಚಾರ್ಜಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಭಾಂಡುಪಿಗೆ ಹೋಗಲು ಮುಖವಿರಲಿಲ್ಲ. ಟ್ರಾಕ್ಟರು ಸಾತಾರಕ್ಕೆ ಹೋಗಿಯಾಗಿರುತ್ತದೆ. ಎದುರಿನ ಬಿಲ್ಡಿಂಗಿನಲ್ಲಿ ಒಂದೊಂದೇ ಮನೆಯ ದೀಪ ಹತ್ತಿತು. ಇಷ್ಟು ದೊಡ್ಡ ಊರಿನಲ್ಲಿ ನನ್ನನ್ನು ಏನನ್ನಾದರೂ ಕೇಳುವವರು ಒಬ್ಬರೂ ಇಲ್ಲವಲ್ಲ ಎನ್ನಿಸಿ ಅತ್ತುಬಿಟ್ಟೆ. ನೋಡುವವರಿಲ್ಲದ ಮೇಲೆ ನಾಚಿಕೆ ಯಾಕೆ?

ಮುಖ ತೊಳೆದು ಬಂದು ನಾನೇ ಫೋನು ಮಾಡಿದೆ.

"ಎಂತಾಯ್ತು ಅಣ್ಣ?" ಅವಳ ಧ್ವನಿಯಲ್ಲಿ ಗಾಬರಿ. "ಹುಷಾರಿಲ್ವಾ? ಆಸ್ಪತ್ರೆಯಲ್ಲಿದ್ದೀಯಾ?"

"ಇಲ್ಲ, ಇಲ್ಲ. ಮನೆಯಲ್ಲೇ ಇದ್ದೇನೆ."

"ಮತ್ತೆ ಟ್ರಾಕ್ಟರಿನ ವಿಷಯವಾ? ಸಂದೀಪ ಟಿಲ್ಲರ್ ತಂದಾಯ್ತಲ್ಲ."

"ಅದೂ ಅಲ್ಲ."

"ಮತ್ತೆಂತ?"

ಏನಾದರೊಂದು ಹೇಳಬೇಕಿತ್ತು. ಜನ್ಮವಿಡೀ ಕುಂದು ಹುಡುಕಿದವನಿಗೆ ಆಗ ಒಂದೂ ಹೊಳೆಯಲಿಲ್ಲ.

"ವಿಷಯ ಎಂತದ್ದೂ ಇಲ್ಲ ಶೀಲಾ," ಎಂದೆ. "ಸುಮ್ಮನೆ ಮಾಡಿದ್ದು."

ಆ ಕಡೆಯಿಂದ ಗಂಜಿಯ ಪಾತ್ರೆಯ ಮುಚ್ಚಳ ಕುದಿಗೆ ಕುಣಿಯುವ ಸದ್ದು ಮಾತ್ರ ಕೇಳುತ್ತಿತ್ತು. ಈಗ ಇಡುತ್ತಾಳೆ ಎಂದುಕೊಂಡೆ.

"ಇಡ್ಬೇಡ ಅಣ್ಣ," ಎಂದಳು. "ಒಲೆ ಸಣ್ಣ ಮಾಡಿ ಬರ್ತೇನೆ."